ಗೋಡೆ ತೊಳೆಸುವ ಶಿಕ್ಷೆಗೆ ಯಾವ ಸಾಮಾನು: ಜೆಲ್, ಥಿನ್ನರ್, ಆ್ಯಸಿಡ್, ಪ್ರೆಷರ್ ವಾಷರ್, ಲೇಪನ

ಗೋಡೆ ಕೆಡಿಸಿದವನ ಕೈಯಲ್ಲೇ ಗೋಡೆ ತೊಳೆಸಬೇಕು ಎಂದರೆ ಬೆಂಗಳೂರಿನ ಯಾವ ಅಪಾರ್ಟ್‌ಮೆಂಟ್ ಸಭೆಯಲ್ಲೂ ತಲೆಯಾಡಿಸದವರಿಲ್ಲ. ಸರಿ, ತೊಳೆಯುವವನ ಕೈಗೆ ಏನು ಕೊಡುತ್ತೀರಿ ಎಂದು ಕೇಳಿದರೆ ಬರುವ ಉತ್ತರ ತಂತಿ ಬ್ರಷ್ಷು, ಒಂದು ಬಾಟಲಿ ಆ್ಯಸಿಡ್. ಇವೆರಡೂ ಸೇರಿದರೆ ಸ್ಪ್ರೇ ಪೇಂಟ್ ಮಾಡಿದ್ದಕ್ಕಿಂತ ದೊಡ್ಡ ಗಾಯವನ್ನೇ ಮಾಡುತ್ತವೆ. ಪೇಂಟು ಇಂದಲ್ಲ ನಾಳೆ ಹೋಗುತ್ತದೆ, ತಿಂದುಹೋದ ಗಾರೆ ಮರಳಿ ಬರುವುದಿಲ್ಲ.

ಹಾಗಾಗಿ ಪೇಟೆಯಲ್ಲಿ ಸಿಗುವ ಸಾಮಾನುಗಳನ್ನು ಇಲ್ಲಿ ಒಂದೇ ಅಳತೆಗೋಲಿನಲ್ಲಿ ನೋಡಿದೆ. ಆರು ಜನ, ನಾಲ್ಕು ಗಂಟೆ, ಒಬ್ಬ ಮೇಲ್ವಿಚಾರಕ. ಆರು ಮಂದಿಗೂ ಈ ಕೆಲಸ ಹೊಸದು, ಬಂದಿರುವುದೂ ಮನಸ್ಸಿಲ್ಲದೆ. ಅಂಥ ಕೈಗಳಲ್ಲಿ ಯಾವ ಸಾಮಾನು ಕೆಲಸ ಮಾಡುತ್ತದೆ, ಯಾವುದು ಅನಾಹುತ ಮಾಡುತ್ತದೆ? ಪರಿಣತ ಪೇಂಟರ್ ಕೈಯಲ್ಲಿ ಉತ್ತರ ಬೇರೆಯೇ ಬಂದೀತು.

ಮೊದಲು ಕಾನೂನಿನ ಒಂದು ತಮಾಷೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 4ನೇ ಕಲಂ ಶಿಕ್ಷೆಗಳ ಪಟ್ಟಿಗೆ ಸಮುದಾಯ ಸೇವೆಯನ್ನು ಸೇರಿಸಿತು. ಜನರಿಗೆ ಉಪಯೋಗವಾಗುವ, ಸಂಬಳವಿಲ್ಲದ ಕೆಲಸ ಎಂಬುದು ಅದರ ಅರ್ಥ. ಮಾಡದೆ ಕೈಕೊಟ್ಟರೆ ಜೈಲು ಉಂಟು. ಆದರೆ ಈ ಶಿಕ್ಷೆ ಅನ್ವಯಿಸುವುದು ಆರೇ ಅಪರಾಧಗಳಿಗೆ. 5,000 ರೂಪಾಯಿಗಿಂತ ಕಡಿಮೆ ಬೆಲೆಯ ಮೊದಲ ಕಳ್ಳತನ (ಮಾಲು ಹಿಂತಿರುಗಿಸಿದ್ದರೆ), ಕುಡಿದು ಸಾರ್ವಜನಿಕ ಜಾಗದಲ್ಲಿ ಗಲಾಟೆ, ಮಾನನಷ್ಟ ಇತ್ಯಾದಿ. ಆಸ್ತಿ ಹಾಳುಗೆಡವುವ 324ನೇ ಕಲಂ ಆ ಆರರಲ್ಲಿ ಇಲ್ಲ. ಸರ್ಕಾರದ ಅಥವಾ ಪಾಲಿಕೆಯ ಆಸ್ತಿಗೆ ಹಾನಿ ಮಾಡಿದರೆ ಅಲ್ಲಿ ಒಂದು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಕರ್ನಾಟಕದ 1981ರ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆಯಲ್ಲೂ ಆರು ತಿಂಗಳು ಅಥವಾ 1,000 ರೂಪಾಯಿಯ ಮಾತೇ. ಕುಡಿದು ಕೂಗಾಡಿದವನಿಗೆ ಕೋರ್ಟು ಗೋಡೆ ತೊಳೆಯುವ ಕೆಲಸ ಕೊಡಬಹುದು, ಗೋಡೆಗೆ ಬಣ್ಣ ಉಗ್ಗಿದವನಿಗೆ ಇದೇ ದಾರಿಯಲ್ಲಿ ಕೊಡಲಾಗದು! ಹದಿನೆಂಟು ತುಂಬದವರ ವಿಷಯದಲ್ಲಿ ಮಾತ್ರ ಬಾಗಿಲು ಅಗಲವಾಗಿದೆ: 2015ರ ಬಾಲನ್ಯಾಯ ಕಾಯ್ದೆಯ 18ನೇ ಕಲಂ ಪ್ರಕಾರ ಬಾಲನ್ಯಾಯ ಮಂಡಳಿ ಸಮುದಾಯ ಸೇವೆಗೆ ಆದೇಶಿಸಬಹುದು. ಇಂಗ್ಲೆಂಡಿನಲ್ಲಿ ಇಂಥ ಕೆಲಸಕ್ಕೆ 40ರಿಂದ 300 ಗಂಟೆ ಎಂಬ ಮಿತಿ ಇದೆ. ನಮ್ಮ ಸಂಹಿತೆ ಗಂಟೆ ಲೆಕ್ಕವನ್ನೇ ಹೇಳುವುದಿಲ್ಲ. ಹಾಗಾಗಿ ಈ ಸಾಮಾನನ್ನು ಹೆಚ್ಚಾಗಿ ಹಿಡಿಯುವವರು ಮಂಡಳಿ ಕಳಿಸಿದ ಹುಡುಗರು, ಕಾಲೇಜು ತಾನೇ ಕೊಟ್ಟ ಶಿಕ್ಷೆಗೆ ಬಂದವರು, ಭಾನುವಾರದ ಸ್ವಯಂಸೇವಕರು.

ಸಾಮಾನು ಕೊಳ್ಳುವ ಮುಂಚೆ ಗೋಡೆ ಯಾವುದೆಂದು ನೋಡಿ. ಸೈಜುಗಲ್ಲಿನ ಕಾಂಪೌಂಡು, ಸಿಮೆಂಟ್ ಗಾರೆಯ ಮೇಲೆ ಎಮಲ್ಷನ್ (ನೀರು ಬೆರೆಸಿ ಬಳಿಯುವ ಗೋಡೆಬಣ್ಣ), ಮೇಲ್ಸೇತುವೆಯ ಬೋಳು ಕಾಂಕ್ರೀಟ್ ಕಂಬ, ಅಂಗಡಿಯ ಕಬ್ಬಿಣದ ಶಟರ್, ಹಳೆಯ ಸುಣ್ಣದ ಗೋಡೆ: ನಮ್ಮೂರಿನ ಗೋಡೆಗಳು ಬಹುಪಾಲು ಈ ಐದರೊಳಗೇ ಬರುತ್ತವೆ. ಒಂದು ಚಮಚ ನೀರು ಚಿಮುಕಿಸಿ. ಹನಿ ಜಾರಿದರೆ ಮೇಲ್ಮೈ ಮುಚ್ಚಿಕೊಂಡಿದೆ, ಪೇಂಟು ಮೇಲೇ ಕೂತಿದೆ. ನೀರನ್ನು ಕುಡಿದುಬಿಟ್ಟರೆ ಪೇಂಟನ್ನೂ ಕುಡಿದಿದೆ ಎಂದೇ ಲೆಕ್ಕ. ಬೆಂಗಳೂರು ಕೋಟೆ, ಟಿಪ್ಪುವಿನ ಬೇಸಿಗೆ ಅರಮನೆಯಂಥ ಸಂರಕ್ಷಿತ ಸ್ಮಾರಕಗಳ ಹತ್ತಿರ ಈ ಯಾವ ಸಾಮಾನನ್ನೂ ಒಯ್ಯಬೇಡಿ. ಅದು ಪುರಾತತ್ವ ಇಲಾಖೆಯ ತಜ್ಞರ ಕೆಲಸ, ಅಲ್ಲಿ ಗೋಡೆ ಕೆಡಿಸಿದರೆ ಎರಡು ವರ್ಷದವರೆಗೆ ಜೈಲು ಕೂಡ ಇದೆ.

ಈಗ ಜೆಲ್. ಪೇಂಟ್ ತೆಗೆಯುವ ಜೆಲ್‌ಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಡೈಕ್ಲೋರೋಮೀಥೇನ್ ಇರುವಂಥದ್ದು ಐದು ಹತ್ತು ನಿಮಿಷದಲ್ಲಿ ಪೇಂಟನ್ನು ಸುಕ್ಕುಗಟ್ಟಿಸಿ ಎಬ್ಬಿಸುತ್ತದೆ, ನೋಡಲು ಮ್ಯಾಜಿಕ್ಕಿನ ಹಾಗೆ. ಆದರೆ ಅದು ಸುಮಾರು 40 ಡಿಗ್ರಿಯಲ್ಲೇ ಕುದಿಯುವ ದ್ರವ. ಏಪ್ರಿಲ್ ಮಧ್ಯಾಹ್ನ ಬಿಸಿಲಿಗೆ ಕಾದ ಗೋಡೆಗೆ ಹಚ್ಚಿದರೆ ಕೆಲಸಕ್ಕಿಂತ ಮೊದಲು ಹಬೆಯಾಗಿ ಮೂಗು ಸೇರುತ್ತದೆ. ಅಮೆರಿಕದ ಪರಿಸರ ಸಂಸ್ಥೆ 2024ರಲ್ಲಿ ಇದರ ಹೆಚ್ಚಿನ ಬಳಕೆಗಳನ್ನು ನಿಷೇಧಿಸಿದ್ದು ಸುಮ್ಮನೆ ಅಲ್ಲ. ಶಿಕ್ಷೆಗೆ ಬಂದವರ ಕೈಗೆ ಇದನ್ನು ಕೊಡಲೇಬಾರದು. ಬೆಂಝೈಲ್ ಆಲ್ಕೋಹಾಲ್ ಆಧಾರದ ಜೆಲ್ ನಿಧಾನ, 20 ನಿಮಿಷದಿಂದ ಒಂದು ಗಂಟೆ ಬೇಕು, ಬೆಲೆಯೂ ಜಾಸ್ತಿ. ಆದರೂ ನಮ್ಮ ಮೊದಲ ಆಯ್ಕೆ ಇದೇ, ಮತ್ತು ಅದರ ನಿಧಾನವೇ ಅದಕ್ಕೆ ಕಾರಣ: ಕಲಿಯುವವನು ತಪ್ಪು ಮಾಡಿದರೆ ತಿದ್ದಲು ಸಮಯ ಸಿಗುತ್ತದೆ. ಅಂಗಡಿಯಲ್ಲಿ ಡಬ್ಬಿ ತಿರುಗಿಸಿ ಒಳಗೇನಿದೆ ಎಂದು ಓದಿ. ಬರೆದಿಲ್ಲದಿದ್ದರೆ ವಾಪಸ್ ಇಟ್ಟುಬಿಡಿ.

ಹಚ್ಚುವ ಕ್ರಮ ಹೀಗೆ. ಮೂಲೆಯಲ್ಲಿ ಅಂಗೈಯಗಲ ಜಾಗದಲ್ಲಿ ಮೊದಲು ಪರೀಕ್ಷೆ, ಕೆಳಗಿನ ಹಳೆಯ ಎಮಲ್ಷನ್ ಕೂಡ ಕರಗುತ್ತಿದೆಯೇ ಎಂದು ನೋಡಲು. ಕರಗಿದರೆ ಜೆಲ್ ಬಿಟ್ಟು ಮರುಬಣ್ಣಕ್ಕೆ ಹೋಗಿ. ಇಲ್ಲವಾದರೆ ಬರಹದ ಕೆಳಗಿನ ಗೋಡೆಯನ್ನು ನೀರಿನಿಂದ ಚೆನ್ನಾಗಿ ನೆನೆಸಿ, ಕರಗಿದ ಬಣ್ಣ ಇಳಿದರೂ ಒದ್ದೆ ಗೋಡೆ ಅದನ್ನು ಹೀರುವುದಿಲ್ಲ. ಬರಹದ ಗೆರೆಗಳ ಮೇಲಷ್ಟೇ ಒಂದೆರಡು ಮಿಲಿಮೀಟರ್ ದಪ್ಪ ಬಳಿಯಿರಿ. ಒಂದು ಮಿಲಿಮೀಟರ್ ದಪ್ಪಕ್ಕೆ ಚದರ ಮೀಟರಿಗೆ ಒಂದು ಲೀಟರ್ ಎಂಬುದು ಸರಳ ಲೆಕ್ಕ. ಬರಹದ ಸುತ್ತಲಿನ ಖಾಲಿ ಜಾಗಕ್ಕೂ ಸವರುತ್ತ ಹೋದರೆ ಡಬ್ಬಿ ಅರ್ಧ ಕೆಲಸಕ್ಕೇ ಮುಗಿಯುತ್ತದೆ, ಹೊಸಬರು ಮಾಡುವ ಮೊದಲ ತಪ್ಪೇ ಇದು. ಎರಡನೆಯದು, ತೆಳ್ಳಗೆ ಹಚ್ಚಿ ಬಿಸಿಲಿಗೆ ಬಿಡುವುದು. ಒಣಗಿದ ಜೆಲ್ ಪೇಂಟಿನ ಜೊತೆ ಸೇರಿ ಅಂಟಾಗಿ ಕೂರುತ್ತದೆ. ಹಚ್ಚಿದ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಮುಚ್ಚಿ, ಪೂರ್ವದ ಗೋಡೆಯನ್ನು ಸಂಜೆ, ಪಶ್ಚಿಮದ್ದನ್ನು ಬೆಳಗ್ಗೆ ಮಾಡಿ. ಪ್ಲಾಸ್ಟಿಕ್ ಅಥವಾ ಮರದ ಹೆರೆಯುವ ಪಟ್ಟಿಯಿಂದ ಲೊಳೆ ತೆಗೆದು ಬಕೆಟ್ಟಿಗೆ ಹಾಕಿ, ಆಮೇಲೆ ಕೆಳಗಿನಿಂದ ಮೇಲಕ್ಕೆ ತೊಳೆಯಿರಿ. ಮೇಲಿನಿಂದ ಶುರುಮಾಡಿದರೆ ಒಣಗೋಡೆಯ ಮೇಲೆ ಕೊಳೆನೀರಿನ ಗೀಟುಗಳು ಉಳಿಯುತ್ತವೆ. ಬೋಳು ಕಾಂಕ್ರೀಟಿನಲ್ಲಿ ಎರಡು ಸುತ್ತಾದ ಮೇಲೂ ಮಸುಕು ನೆರಳು ಉಳಿದರೆ ಅಲ್ಲಿಗೆ ನಿಲ್ಲಿಸಿ. ನೆರಳನ್ನು ಓಡಿಸಹೋದವರೇ ತಂತಿ ಬ್ರಷ್ ಎತ್ತಿಕೊಳ್ಳುವುದು.

ಥಿನ್ನರ್ ಅಗ್ಗ, ಎಲ್ಲ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಶಟರ್‌ನ ಮೇಲಿನ ಮಾರ್ಕರ್ ಗೀಚಿಗೆ ಬಟ್ಟೆಗೆ ನಾಲ್ಕು ಹನಿ ಹಾಕಿ ಒರೆಸಲು ಪರವಾಗಿಲ್ಲ, ಅದೂ ಶಟರ್‌ನ ಸ್ವಂತ ಬಣ್ಣ ಬಿಡುತ್ತದೆಯೇ ಎಂದು ಪರೀಕ್ಷಿಸಿ. ಕಲ್ಲು, ಕಾಂಕ್ರೀಟು, ಇಟ್ಟಿಗೆಗೆ ಬೇಡವೇ ಬೇಡ. ಪೇಂಟನ್ನು ತೆಳ್ಳಗೆ ಮಾಡಿ ರಂಧ್ರಗಳ ಒಳಕ್ಕೇ ಇಳಿಸುತ್ತದೆ, ಒಂದಡಿ ಬರಹ ಮೂರಡಿ ಮೋಡವಾಗುತ್ತದೆ. ಬೆಂಕಿಯ ಭಯ ಬೇರೆ. ಆರು ಜನರಲ್ಲಿ ಒಬ್ಬನ ಜೇಬಿನಲ್ಲಾದರೂ ಬೀಡಿಯೋ ಸಿಗರೇಟೋ ಇರುತ್ತದೆ.

ಆ್ಯಸಿಡ್ಡಿಗೆ ಸೊನ್ನೆ ಅಂಕ. ಹೈಡ್ರೋಕ್ಲೋರಿಕ್ ಆ್ಯಸಿಡ್ ಸ್ಪ್ರೇ ಪೇಂಟನ್ನು ಕರಗಿಸುವುದೇ ಇಲ್ಲ. ಅದು ಕರಗಿಸುವುದು ಪೇಂಟಿನ ಕೆಳಗಿನ ಸಿಮೆಂಟು ಮತ್ತು ಸುಣ್ಣವನ್ನು. ಮೇಲ್ಪದರ ಉದುರುವಾಗ ಪೇಂಟೂ ಜೊತೆಗೆ ಉದುರುವುದರಿಂದ ಕೆಲಸ ಆಯಿತು ಎನ್ನಿಸುತ್ತದೆ. ಸೈಜುಗಲ್ಲಿನಲ್ಲಾದರೆ ಸಂದಿನ ಗಾರೆ ತಿಂದುಹೋಗುತ್ತದೆ, ಕಲ್ಲಿನೊಳಗಿನ ಕಬ್ಬಿಣದ ಅಂಶ ಹೊರಬಂದು ಕೆಲವು ದಿನಕ್ಕೆ ತುಕ್ಕುಬಣ್ಣದ ಕಲೆ ಏಳುತ್ತದೆ. ಅದೇ ಬಕೆಟ್ಟಿನಲ್ಲಿ ಬ್ಲೀಚಿಂಗ್ ಪೌಡರ್ ಉಳಿದಿದ್ದರಂತೂ ಕ್ಲೋರಿನ್ ಅನಿಲ.

ನೀರನ್ನು ರಭಸದಿಂದ ಚಿಮ್ಮಿಸುವ ಪ್ರೆಷರ್ ವಾಷರ್ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಸಾಲುಸಾಲಾಗಿ ಕೂತಿರುತ್ತದೆ, ತಂಡಕ್ಕೂ ಅದೇ ಇಷ್ಟ. ಮನೆಬಳಕೆಯ 100-120 ಬಾರ್ ಒತ್ತಡದ ಯಂತ್ರ ಜೆಲ್ ಹೆರೆದ ಮೇಲೆ ಉಳಿದ ಲೊಳೆ ತೊಳೆಯಲು ನಿಜಕ್ಕೂ ಒಳ್ಳೆಯದು. ಜೆಲ್ ಇಲ್ಲದೆ ಅದರಿಂದಲೇ ಪೇಂಟ್ ಎಬ್ಬಿಸುತ್ತೇನೆಂದು ಹೊರಟರೆ ಗೋಡೆ ಕೊರೆಯುತ್ತದೆ. ಬರಹ ಹೋಗಿ ಅದೇ ಅಕ್ಷರಗಳು ಗೋಡೆಯಲ್ಲಿ ಕೆತ್ತಿದಂತೆ ಉಳಿದಿರುವ ಕಂಬಗಳನ್ನು ನೋಡಿದರೆ ಕಾರಣ ಇದೇ ಎಂದು ತಿಳಿಯಿರಿ. 40 ಡಿಗ್ರಿ ಅಗಲದ ಬಿಳಿ ನಾಝಲ್ ಮಾತ್ರ ಕೊಡಿ, ನೀರನ್ನು ಒಂದೇ ಬಿಂದುವಿಗೆ ಚುಚ್ಚುವ ಕೆಂಪು ನಾಝಲನ್ನು ಮೇಲ್ವಿಚಾರಕ ಜೇಬಿಗೆ ಹಾಕಿಕೊಳ್ಳಲಿ. ಗೋಡೆಯಿಂದ ಒಂದಡಿ ದೂರ. ಸುಣ್ಣದ ಗೋಡೆಗೆ ತರಲೇಬೇಡಿ. ಇನ್ನು ನೀರು: ನಿಮಿಷಕ್ಕೆ 6 ಲೀಟರ್ ಹಿಡಿದರೂ ಗನ್ ಎರಡು ಗಂಟೆ ಒತ್ತಿದರೆ 720 ಲೀಟರ್. 2024ರ ಮಾರ್ಚಿನಲ್ಲಿ ಜಲಮಂಡಳಿ ವಾಹನ ತೊಳೆಯಲು, ಗಿಡಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದ ಊರು ಇದು. ಸಂಸ್ಕರಿಸಿದ ಕೊಳಚೆನೀರು ಹಾಕೋಣ ಎಂದರೆ ತುಂತುರು ಮುಖಕ್ಕೆ, ಬಾಯಿಗೆ ಹಾರುತ್ತದೆ. ಬೋರ್‌ವೆಲ್ ನೀರು ಗಡಸಾಗಿದ್ದರೆ ಒಣಗಿದ ಮೇಲೆ ಕಪ್ಪು ಕಲ್ಲಿನ ಮೇಲೆ ಬಿಳಿ ಕಲೆ. ಒಂದು ಬರಹಕ್ಕೆ ನಾಲ್ಕೈದು ಬಕೆಟ್ ನೀರು, ಒಂದು ಮಗ್ಗು, ಗಟ್ಟಿ ನೈಲಾನ್ ಬ್ರಷ್ ಸಾಕು.

ಎಲೆಅಡಿಕೆ, ಗುಟ್ಕಾ ಉಗುಳಿನ ಕಲೆಗೆ ಜೆಲ್ ಹಚ್ಚುವುದು ವ್ಯರ್ಥ. ಅಡಿಕೆ, ಕಾಚು, ಸುಣ್ಣ ಸೇರಿ ಆದ ಕೆಂಪು ಅದು, ಪೇಂಟಿನ ಜಾತಿಯೇ ಅಲ್ಲ. ಮೊದಲು ಸೋಪಿನ ನೀರಿನಲ್ಲಿ ಉಜ್ಜಿ, ಆಮೇಲೆ ತೆಳು ಬ್ಲೀಚ್ ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೆಯಿರಿ. ನೇರವಾಗಿ ಮೇಲೆ ಬಣ್ಣ ಬಳಿದರೆ ಎಮಲ್ಷನ್ನಿನ ನೀರಿಗೆ ಕೆಂಪು ಕರಗಿ ಮೇಲೇರುತ್ತದೆ, ವಾರದಲ್ಲಿ ಹಳದಿ ಕಂದು ನಕ್ಷೆ. ಕಲೆ ತಡೆಯುವ, ನೀರಿನಿಂದ ಮಾಡಿರದ ಪ್ರೈಮರ್ ಒಂದು ಕೋಟು ನಡುವೆ ಬೇಕು. ಪೋಸ್ಟರ್ ಇನ್ನೂ ಸುಲಭ: ಮೈದಾ ಅಂಟಾದ್ದರಿಂದ ಅಲ್ಲಲ್ಲಿ ಗೀರಿ, ಬಿಸಿನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಸ್ವಲ್ಪ ಬೆರೆಸಿ ನೆನೆಸಿ, ಕಾಲು ಗಂಟೆ ಬಿಟ್ಟು ಪುಟ್ಟಿ ಬ್ಲೇಡಿನಿಂದ ಎತ್ತಿ. ಆತುರಕ್ಕೆ ಒಣಪೋಸ್ಟರ್ ಹರಿದರೆ ಅರ್ಧ ಗೋಡೆಯಲ್ಲೇ ಉಳಿಯುತ್ತದೆ. ಅಂಟನ್ನು ಪೂರಾ ತೊಳೆಯದಿದ್ದರೆ ಮಳೆಗಾಲದಲ್ಲಿ ಅದರ ಮೇಲೆ ಬೂಷ್ಟು. ಬಾಲನ್ಯಾಯ ಮಂಡಳಿಯಿಂದ ಬಂದ ಮಕ್ಕಳಿಗೆ ಪೋಸ್ಟರ್ ಮತ್ತು ರೋಲರ್ ಕೆಲಸ ಮಾತ್ರ ಕೊಡಿ. ದ್ರಾವಕ, ಬ್ಲೀಚ್ ಎರಡೂ ಅವರ ಕೈಗೆ ಸಲ್ಲದು.

ಎಮಲ್ಷನ್ ಗೋಡೆಗೆ ಮರುಬಣ್ಣವೇ ಅಗ್ಗ, ಎರಡು ಕೋಟು ಬಳಿಯಲು ಲೀಟರಿಗೆ 50-60 ಚದರಡಿ ಎಂದು ಲೆಕ್ಕ ಹಿಡಿಯಿರಿ. ಬರಹವನ್ನಷ್ಟೇ ಮುಚ್ಚುವ ಚೌಕದ ತೇಪೆ ಬೇಡ, ಅದು ಮುಂದಿನವನಿಗೆ ಹೊಸ ಸ್ಲೇಟು ಕೊಟ್ಟಂತೆ. ಸಂದಿನಿಂದ ಸಂದಿಗೆ, ಕಂಬದಿಂದ ಕಂಬಕ್ಕೆ ಪೂರ್ತಿ ಪಟ್ಟಿ ಬಳಿಯಿರಿ. ಬೆಂಗಳೂರಿನ ಬೀದಿ ಶುಚಿ ಮಾಡುವ ಸ್ವಯಂಸೇವಕರ ‘ದಿ ಅಗ್ಲಿ ಇಂಡಿಯನ್’ ಬಳಗ ಮೇಲ್ಸೇತುವೆ ಕಂಬಗಳ ಬುಡಕ್ಕೆ ಕೆಮ್ಮಣ್ಣು ಬಣ್ಣ ಹಚ್ಚಿ ಮೇಲೆ ಸರಳ ಆಕಾರಗಳನ್ನು ಬರೆಯುವ ಪದ್ಧತಿ ಇಲ್ಲಿ ಜಾಣತನದ್ದು: ಧೂಳು, ಉಗುಳು ಎರಡೂ ಎದ್ದು ಕಾಣುವುದಿಲ್ಲ, ಮತ್ತೆ ಮತ್ತೆ ಅದೇ ಬಣ್ಣ ತಂದು ತೇಪೆ ಹಾಕಿದರೂ ಗೊತ್ತಾಗುವುದಿಲ್ಲ.

ಗ್ರಾಫಿಟಿ (ಗೋಡೆಬರಹ) ತಡೆಯುವ ಲೇಪನ ಈ ತಂಡದ ಕೈಗೆ ಕೊಡುವ ವಸ್ತುವಲ್ಲ, ಗೋಡೆಯ ಒಡೆಯರು ಮುಂಚೆಯೇ ಮಾಡಿಸಿಟ್ಟಿರಬೇಕಾದ್ದು. ಮೇಣದಂಥ ಬಲಿ ಲೇಪನ ಬಿಸಿನೀರಿಗೆ ಬರಹದ ಜೊತೆ ತಾನೂ ಹೋಗುತ್ತದೆ, ಪ್ರತಿ ಸಲ ಮತ್ತೆ ಹಚ್ಚಬೇಕು, ಆದರೆ ಗೋಡೆ ಉಸಿರಾಡುತ್ತದೆ. ಎರಡು ಡಬ್ಬಿ ಬೆರೆಸುವ ಪಾಲಿಯುರೆಥೇನ್ ವರ್ಷಗಟ್ಟಲೆ ನಿಲ್ಲುತ್ತದೆ, ಬರಹವನ್ನು ಬಟ್ಟೆಯಲ್ಲೇ ಒರೆಸಬಹುದು. ಬೆರೆಸಿದ ಮೇಲೆ ಕೆಲವೇ ಗಂಟೆಯಲ್ಲಿ ಗಟ್ಟಿಯಾಗುವುದರಿಂದ ಅಂದಿಗೆ ಬೇಕಾದಷ್ಟೇ ಬೆರೆಸಬೇಕು. ತೇವ ಹಿಡಿದ ಗೋಡೆಗೆ ಹಚ್ಚಿದರೆ ಗುಳ್ಳೆ ಏಳುತ್ತದೆ. ನಮ್ಮೂರಲ್ಲಿ ಇದಕ್ಕೆ ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ. ಬಿಸಿಲಿಗೆ ಹಳದಿಯಾಗದ ಅಲಿಫ್ಯಾಟಿಕ್ ಜಾತಿ ಎಂದು ಕೇಳಿಯೇ ತೆಗೆದುಕೊಳ್ಳಿ. ಸುಣ್ಣದ ಗೋಡೆಗೆ ಅದೂ ಬೇಡ.

ಮೈಗಾವಲಿನ ಸಾಮಾನಿನಲ್ಲಿ ಎಲ್ಲರೂ ಉಳಿತಾಯ ಮಾಡುವುದು ಮಾಸ್ಕಿನಲ್ಲಿ. ಎನ್95 ಧೂಳನ್ನು ತಡೆಯುತ್ತದೆ, ದ್ರಾವಕದ ಆವಿಯನ್ನಲ್ಲ. ಜೆಲ್ ಮುಟ್ಟುವವನಿಗೆ ಆವಿ ಹೀರುವ ಕಾರ್ಟ್ರಿಡ್ಜ್ ಮಾಸ್ಕು, ಸುತ್ತ ಮುಚ್ಚುವ ಕನ್ನಡಕ, ದಪ್ಪ ಬ್ಯುಟೈಲ್ ರಬ್ಬರ್ ಗ್ಲೌಸ್ ಬೇಕು. ಆಸ್ಪತ್ರೆಯ ತೆಳು ಲೇಟೆಕ್ಸ್ ಗ್ಲೌಸ್ ಹಾಕಿಸಿದರೆ ಕೈ ಕಾಪಾಡಿದ ಭ್ರಮೆ ಮಾತ್ರ. ಆರು ಜನಕ್ಕೂ ಇಷ್ಟು ಕೊಳ್ಳುವುದು ದುಬಾರಿ, ಹಾಗಾಗಿ ಜೆಲ್ ಹಚ್ಚಲು ಇಬ್ಬರು, ನೀರು ಹಾಕಿ ಉಜ್ಜಲು ಇಬ್ಬರು, ಪೋಸ್ಟರ್‌ಗೆ ಒಬ್ಬ, ರಸ್ತೆ ಕಡೆ ಕೋನ್ ಇಟ್ಟು ಗಾಡಿ ನೋಡಲು ಒಬ್ಬ. ಹೆರೆದ ಲೊಳೆಯನ್ನು ಮುಚ್ಚಳದ ಬಕೆಟ್ಟಿನಲ್ಲಿ ಕಟ್ಟಿ ಅಪಾಯಕಾರಿ ಕಸವೆಂದು ಬೇರೆ ಕೊಡಿ. ಗೋಡೆಯ ಬುಡದಲ್ಲಿ ಹಳೆಯ ಚೀಲಗಳನ್ನು ಹಾಸಿಟ್ಟರೆ ಬಿದ್ದದ್ದೆಲ್ಲ ಅಲ್ಲೇ ನಿಲ್ಲುತ್ತದೆ. ಇಲ್ಲದಿದ್ದರೆ ಅದು ಪಕ್ಕದ ಮೋರಿಗೆ, ಅಲ್ಲಿಂದ ರಾಜಕಾಲುವೆಗೆ, ಕೊನೆಗೆ ಯಾವುದೋ ಕೆರೆಗೆ.