ವೈಕರ್ಸ್‌ಹೈಮ್ ಅರಮನೆ: ಗೋಡೆಯ ಮೇಲಿನ ವಂಶವೃಕ್ಷ ಓದಲು ಹೋಗುವವರಿಗೆ

ಜರ್ಮನಿಯ ಟೌಬರ್ ಕಣಿವೆಯ ವೈಕರ್ಸ್‌ಹೈಮ್ ಅರಮನೆಗೆ ಬರುವವರಲ್ಲಿ ಬಹಳಷ್ಟು ಜನರಿಗೆ ತೋಟದ ಆಕರ್ಷಣೆ. ತೋಟ ಸೊಗಸಾಗಿಯೇ ಇದೆ. ಆದರೆ 16ನೇ ಶತಮಾನದ ಜರ್ಮನ್ ಕೌಂಟ್ ಒಬ್ಬ ತನ್ನ ಮನೆತನವನ್ನು ಹೇಗೆ ಕಾಣುತ್ತಿದ್ದ, ಬಂದ ಅತಿಥಿಗಳಿಗೆ ಅದನ್ನು ಹೇಗೆ ತೋರಿಸುತ್ತಿದ್ದ ಎಂದು ತಿಳಿಯುವ ಆಸೆಯಿದ್ದರೆ, ಈ ಅರಮನೆಯ ನೈಟ್‌ಗಳ ಸಭಾಂಗಣದಷ್ಟು ಒಳ್ಳೆಯ ಜಾಗ ಸಿಗುವುದು ಕಷ್ಟ. ಹೋಗಿ ಬನ್ನಿ ಎಂದು ಕಣ್ಣುಮುಚ್ಚಿ ಹೇಳಬಹುದು. ಒಂದೇ ಷರತ್ತು: ಹೊರಡುವ ಮುಂಚೆ ಅರ್ಧ ಗಂಟೆ ಕೂತು ಈ ಮನೆತನದ ಹೆಸರುಗಳನ್ನು ಗಟ್ಟಿ ಮಾಡಿಕೊಳ್ಳಿ. ಹೆಸರು ಗೊತ್ತಿಲ್ಲದೆ ಹೋದವರಿಗೆ ಅದು ಜಿಂಕೆಗಳಿರುವ ದೊಡ್ಡ ಹಾಲ್ ಅಷ್ಟೇ. ಗೊತ್ತಿದ್ದು ಹೋದವರಿಗೆ ಒಂದಿಡೀ ಗೋಡೆ ಮಾತಾಡುತ್ತದೆ.

ಮೊದಲು ಆ ಹೆಸರುಗಳು. ಕಟ್ಟಿಸಿದವನು ಹೋಹೆನ್‌ಲೋಹೆ ಮನೆತನದ ಕೌಂಟ್ ಎರಡನೇ ವೋಲ್ಫ್‌ಗಾಂಗ್ (1546–1610). ತಂದೆ ಲುಡ್ವಿಗ್ ಕಾಸಿಮಿರ್, ತಾಯಿ ಸೋಲ್ಮ್ಸ್-ಲೌಬಾಖ್ ಮನೆತನದ ಅನ್ನಾ. ವೋಲ್ಫ್‌ಗಾಂಗ್ 1567ರಲ್ಲಿ ಮದುವೆಯಾದದ್ದು ನಾಸೌ-ಡಿಲ್ಲೆನ್‌ಬುರ್ಗ್‌ನ ಮಾಗ್ಡಲೇನಾಳನ್ನು (1547–1633). ಸ್ಪೇನ್ ವಿರುದ್ಧ ಡಚ್ಚರ ದಂಗೆಯನ್ನು ಮುನ್ನಡೆಸಿ 1584ರಲ್ಲಿ ಡೆಲ್ಫ್ಟ್‌ನಲ್ಲಿ ಗುಂಡಿಗೆ ಬಲಿಯಾದ ಆರೆಂಜ್‌ನ ವಿಲಿಯಂ ಇವಳ ಸ್ವಂತ ಅಣ್ಣ. ತಾಯಿ ಷ್ಟೋಲ್‌ಬೆರ್ಗ್‌ನ ಯೂಲಿಯಾನಾ, ಎರಡು ಮದುವೆಗಳಿಂದ 17 ಮಕ್ಕಳನ್ನು ಹೆತ್ತವಳು. ಇಷ್ಟಕ್ಕೇ ಮುಗಿಯಲಿಲ್ಲ. ವೋಲ್ಫ್‌ಗಾಂಗನ ತಮ್ಮ ಫಿಲಿಪ್ ಡಚ್ ಸೈನ್ಯದಲ್ಲಿ ಸೇನಾಪತಿಯಾಗಿದ್ದು, 1595ರಲ್ಲಿ ವಿಲಿಯಂನ ಮಗಳು ಮರಿಯಾಳನ್ನು ಮದುವೆಯಾದ. ಅಂದರೆ ಮಾಗ್ಡಲೇನಾಳ ಅಣ್ಣನ ಮಗಳೇ ಅವಳಿಗೆ ಓರಗಿತ್ತಿಯಾಗಿ ಬಂದಳು. ಟೌಬರ್ ನದಿಯ ದಂಡೆಯ ಸಣ್ಣ ಕೌಂಟ್ ಒಬ್ಬ ಇಷ್ಟು ದೊಡ್ಡ ಹಾಲ್ ಕಟ್ಟಿಸುವ ಧೈರ್ಯ ಮಾಡಿದ್ದಕ್ಕೆ ಈ ಬೀಗತನವೂ ಒಂದು ಕಾರಣ ಎಂದೇ ಅನ್ನಿಸುತ್ತದೆ.

ಹೋಹೆನ್‌ಲೋಹೆಯವರಲ್ಲಿ ಹಿರಿಯ ಮಗನಿಗೇ ಎಲ್ಲ ಹೋಗುವ ಪದ್ಧತಿ ಇರಲಿಲ್ಲ, ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುತ್ತಿದ್ದರು. 1586ರ ಪಾಲಿನಲ್ಲಿ ವೋಲ್ಫ್‌ಗಾಂಗ್‌ಗೆ ವೈಕರ್ಸ್‌ಹೈಮ್, ಫಿಲಿಪ್‌ಗೆ ನೋಯೆನ್‌ಷ್ಟೈನ್, ಫ್ರೀಡ್ರಿಕ್‌ಗೆ ಲಾಂಗೆನ್‌ಬುರ್ಗ್ ಬಂತು. ಫ್ರೀಡ್ರಿಕ್ 1590ರಲ್ಲಿ, ಫಿಲಿಪ್ 1606ರಲ್ಲಿ ತೀರಿಕೊಂಡು, ಎಲ್ಲವೂ ಮತ್ತೆ ವೋಲ್ಫ್‌ಗಾಂಗನ ಕೈಗೆ ಬಂತು. ಅವನು ಸತ್ತ ಕೂಡಲೇ ಅದೇ ಮೂರು ಪಾಲು ಮೂವರು ಗಂಡುಮಕ್ಕಳಿಗೆ: ಗೇಯೋರ್ಗ್ ಫ್ರೀಡ್ರಿಕ್‌ಗೆ ವೈಕರ್ಸ್‌ಹೈಮ್, ಕ್ರಾಫ್ಟ್‌ಗೆ ನೋಯೆನ್‌ಷ್ಟೈನ್, ಫಿಲಿಪ್ ಎರ್ನ್‌ಸ್ಟ್‌ಗೆ ಲಾಂಗೆನ್‌ಬುರ್ಗ್. ಈ ಮೂರು ಊರು, ಎರಡು ತಲೆಮಾರು ತಲೆಯಲ್ಲಿದ್ದರೆ ಗೈಡ್ ಹೇಳುವುದು ಅರ್ಧಕ್ಕರ್ಧ ತಾನಾಗಿ ಅರ್ಥವಾಗುತ್ತದೆ. ಇಲ್ಲದಿದ್ದರೆ ಹೋಹೆನ್‌ಲೋಹೆ-ವೈಕರ್ಸ್‌ಹೈಮ್, ಹೋಹೆನ್‌ಲೋಹೆ-ನೋಯೆನ್‌ಷ್ಟೈನ್ ಎಂಬಂಥ ಅಡ್ಡಗೆರೆಯ ಹೆಸರುಗಳು ಐದು ನಿಮಿಷದಲ್ಲಿ ಕಲಸಿಹೋಗುತ್ತವೆ.

ಇನ್ನು ಹಾಲ್. ಸುಮಾರು 40 ಮೀಟರ್ ಉದ್ದ, 12 ಮೀಟರ್ ಅಗಲ, ಹತ್ತಿರಹತ್ತಿರ 9 ಮೀಟರ್ ಎತ್ತರ. ನಡುವೆ ಒಂದೂ ಕಂಬ ಇಲ್ಲ. ಚಾವಣಿಯನ್ನು ಗೋಡೆಯಿಂದ ಗೋಡೆಗೆ ತೊಲೆ ಹಾಕಿ ಹೊರಿಸಿಲ್ಲ, ಮೇಲಿನ ಮಾಡಿನ ಮರದ ಕಟ್ಟಿನಿಂದ ಇಳಿಬಿಟ್ಟಿದ್ದಾರೆ. 12 ಮೀಟರ್ ಅಗಲಕ್ಕೆ ಒಂದೇ ತೊಲೆ ಹಾಕಿದ್ದರೆ ತನ್ನ ಭಾರಕ್ಕೇ ನಡುವೆ ಬಾಗುತ್ತಿತ್ತು. ಮೇಲಿಂದ ನೇತುಹಾಕಿದ್ದರಿಂದ ಭಾರ ಮಾಡಿನ ಮೂಲಕ ಹೊರಗೋಡೆಗಳಿಗೆ ಇಳಿಯುತ್ತದೆ. ಇದರ ಯೋಜನೆ ಸ್ಟುಟ್‌ಗಾರ್ಟ್‌ನ ಎಲಿಯಾಸ್ ಗುಂಟ್ಸೆನ್‌ಹಾಯ್ಸರ್‌ನದು. ಚಾವಣಿಯ ಚೌಕಟ್ಟುಗಳಲ್ಲಿನ ಬೇಟೆ ಚಿತ್ರಗಳು ಬಾಲ್ತಸಾರ್ ಕಾಟ್ಸೆನ್‌ಬೆರ್ಗರ್ ಬರೆದವು. ಗೋಡೆಯ ಮೇಲ್ಭಾಗದಲ್ಲಿ ಗಾರೆಯ ಪ್ರಾಣಿಗಳು ಸಾಲಾಗಿ ಮಲಗಿವೆ, ಮೈ ಗೋಡೆಯಿಂದ ಉಬ್ಬಿ ಹೊರಬಂದಿದೆ, ಜಿಂಕೆಗಳ ತಲೆಗೆ ಸಿಕ್ಕಿಸಿರುವ ಕೊಂಬುಗಳು ನಿಜವಾದವು. ಅವುಗಳ ನಡುವೆ ಒಂದು ಆನೆ ಇದೆ. ಜಿಂಕೆಯ ಸ್ನಾಯು, ಗೊರಸು ಎಲ್ಲ ಕಂಡು ಮಾಡಿದ ಹಾಗಿದ್ದರೆ ಆನೆ ಕೇಳಿ ಮಾಡಿದ ಹಾಗಿದೆ. ಕೆಲಸಗಾರ ಯಾವುದನ್ನು ಕಣ್ಣಾರೆ ಕಂಡಿದ್ದ, ಯಾವುದನ್ನು ಕಂಡಿರಲಿಲ್ಲ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ.

ಕತ್ತು ನೋಯುವ ತನಕ ಮೇಲೆ ನೋಡುತ್ತ ನಿಲ್ಲುವುದು ಇಲ್ಲಿ ಎಲ್ಲರೂ ಮಾಡುವ ತಪ್ಪು. ಸಮಯವೆಲ್ಲ ಚಾವಣಿಗೆ ಹೋಗಿ, ಬೆಂಕಿಗೂಡಿನ ಗೋಡೆಗೆ ಬರುವಷ್ಟರಲ್ಲಿ ಗುಂಪು ಮುಂದಿನ ಕೋಣೆಗೆ ಹೊರಟಿರುತ್ತದೆ. ಒಳಗೆ ಕಾಲಿಟ್ಟ ತಕ್ಷಣ ನೇರವಾಗಿ ಬೆಂಕಿಗೂಡಿನ ಕಡೆ ನಡೆಯಿರಿ. ಅದರ ಎರಡೂ ಬದಿಯಲ್ಲಿ ವೋಲ್ಫ್‌ಗಾಂಗ್ ಮತ್ತು ಮಾಗ್ಡಲೇನಾ ಗಾರೆಯಲ್ಲಿ ಒರಗಿ ಮಲಗಿದ್ದಾರೆ, ಇಬ್ಬರ ಮೈಯಿಂದಲೂ ಒಂದೊಂದು ಮರ ಎದ್ದಿದೆ, ಕೊಂಬೆಗಳಲ್ಲಿ ಮನೆತನಗಳ ಲಾಂಛನ ಹೊತ್ತ ಗುರಾಣಿಗಳು ಹಣ್ಣಿನಂತೆ ತೂಗುತ್ತಿವೆ. ಬೈಬಲಿನ ದಾವೀದ ರಾಜನ ತಂದೆ ಇಷಯನ ಮೈಯಿಂದ ಏಸುವಿನ ವಂಶದ ಮರ ಬೆಳೆಯುವ ಚಿತ್ರವನ್ನು ಚರ್ಚುಗಳಲ್ಲಿ ನೋಡಿ ಬೆಳೆದವರಿಗೆ ಈ ಭಂಗಿ ಪರಿಚಿತ. ಆದರೆ ಇಲ್ಲಿ ಲೆಕ್ಕ ತಿರುಗುಮುರುಗು. ಇಷಯನ ಮರದಲ್ಲಿ ಮೇಲೇರಿದಂತೆ ಮಕ್ಕಳು, ಮೊಮ್ಮಕ್ಕಳು. ಈ ಮರದಲ್ಲಿ ಮೇಲೇರಿದಂತೆ ಅಪ್ಪ ಅಮ್ಮ, ಅಜ್ಜ ಅಜ್ಜಿ, ಮುತ್ತಜ್ಜ ಮುತ್ತಜ್ಜಿ.

ಇದು ಸುಮ್ಮನೆ ಅಲಂಕಾರವಲ್ಲ. ಆ ಕಾಲದ ಜರ್ಮನ್ ಕುಲೀನರಲ್ಲಿ ಪೂರ್ವಜರ ಪುರಾವೆ ಒದಗಿಸುವುದು ನಿತ್ಯದ ವ್ಯವಹಾರ. ದೊಡ್ಡ ಚರ್ಚುಗಳ ಮಠಸ್ಥಾನ ಬೇಕೆಂದರೆ, ಟ್ಯೂಟಾನಿಕ್ ಆರ್ಡರ್‌ನಂಥ ನೈಟ್‌ಗಳ ಧಾರ್ಮಿಕ ಸಂಘಕ್ಕೆ ಸೇರಬೇಕೆಂದರೆ, ತಂದೆತಾಯಿ ಇಬ್ಬರ ಕಡೆಯಿಂದಲೂ ಹಿಂದೆ ಹೋಗಿ 4, 8, ಕೊನೆಗೆ 16 ಪೂರ್ವಜರೂ ಕುಲೀನರೇ ಎಂದು ಗುರಾಣಿ ಸಮೇತ ತೋರಿಸಬೇಕಿತ್ತು. ಒಂದು ಗುರಾಣಿ ತಪ್ಪಿದರೂ ಪುರಾವೆ ಬೀಳುತ್ತದೆ. ಹೀಗಾಗಿ ಹೆಂಡತಿಯ ಮನೆತನಕ್ಕೆ ಗಂಡನಷ್ಟೇ ತೂಕ, ಮಕ್ಕಳ ಪುರಾವೆಯಲ್ಲಿ ಅರ್ಧ ಅವಳದೇ. ಮಾಗ್ಡಲೇನಾಳ ಮರಕ್ಕೂ ಈ ಗೋಡೆಯಲ್ಲಿ ಜಾಗ ಸಿಕ್ಕಿದ್ದು ಗಂಡನ ಪ್ರೀತಿಯಿಂದ ಮಾತ್ರ ಅಲ್ಲ.

ಓದುವ ಕ್ರಮ ಹೀಗೆ. ಮಲಗಿದವರ ಹತ್ತಿರದ ಗುರಾಣಿಯಿಂದ ಶುರು ಮಾಡಿ. ನಡೆಯುತ್ತಿರುವ ಎರಡು ಕಪ್ಪು ಚಿರತೆ ಹೋಹೆನ್‌ಲೋಹೆ. ಗುರಾಣಿಗಳ ಭಾಷೆಯಲ್ಲಿ ಚಿರತೆ ಅಂದರೆ ಮುಖವನ್ನು ನಮ್ಮತ್ತ ತಿರುಗಿಸಿದ ಸಿಂಹವೇ, ಮೈಮೇಲೆ ಚುಕ್ಕೆ ಹುಡುಕಬೇಡಿ. ಚಿನ್ನದ ಸಿಂಹ, ಸುತ್ತ ನೀಲಿಯಲ್ಲಿ ಸಣ್ಣ ಇಟ್ಟಿಗೆಯಂಥ ತುಣುಕುಗಳು ಇದ್ದರೆ ನಾಸೌ. ಚಿನ್ನದ ಹಿನ್ನೆಲೆಯಲ್ಲಿ ನೀಲಿ ಸಿಂಹ ಸೋಲ್ಮ್ಸ್, ಅಂದರೆ ವೋಲ್ಫ್‌ಗಾಂಗನ ತಾಯಿಯ ಕಡೆ. ಕಪ್ಪು ಸಾರಂಗ ಷ್ಟೋಲ್‌ಬೆರ್ಗ್, ಮಾಗ್ಡಲೇನಾಳ ತಾಯಿಯ ಕಡೆ. ಎಡಬಲದ ವಿಷಯದಲ್ಲಿ ಎಡವುವವರು ಜಾಸ್ತಿ. ಗುರಾಣಿಯ ಬಲ ಎಂದರೆ ಅದನ್ನು ಹಿಡಿದವನ ಬಲ, ನೋಡುವವರಿಗೆ ಅದು ಎಡ. ಗಂಡನ ಗುರಾಣಿ ರೂಢಿಯಂತೆ ಆ ಬದಿಗೆ, ಹೆಂಡತಿಯದು ಇನ್ನೊಂದು ಬದಿಗೆ ಬರುತ್ತದೆ. ಸಣ್ಣ ದುರ್ಬೀನು ಇದ್ದರೆ ಬಹಳ ಉಪಕಾರ. ಮೇಲಿನ ಕೊಂಬೆಗಳ ಗುರಾಣಿಗಳು ಬರಿಗಣ್ಣಿಗೆ ಬಣ್ಣದ ಚುಕ್ಕೆಗಳಂತೆ ಕಾಣುತ್ತವೆ.

ಈ ಅರಮನೆಯಲ್ಲಿ ದಾರಿ ತಪ್ಪಿಸುವ ಇನ್ನೊಂದು ಸಂಗತಿ, ಎರಡು ಕಾಲ ಒಂದರ ಮೇಲೊಂದು ಕೂತಿರುವುದು. ಹಾಲ್ ಮತ್ತು ಕಟ್ಟಡದ ಮೈಕಟ್ಟು ವೋಲ್ಫ್‌ಗಾಂಗನದು. ಹಳೆಯ ನೀರುಕಂದಕದ ಕೋಟೆಯ ಜಾಗದಲ್ಲಿ ಅವನು ಮೂರು ಬದಿ ಸಮವಾದ ತ್ರಿಕೋನ ಅರಮನೆ ಯೋಚಿಸಿದ್ದ, ಅದು ಪೂರ್ತಿ ಆಗಲೇ ಇಲ್ಲ. ಹಳೆಯ ಕೋಟೆಯ ದುಂಡು ಬುರುಜು ಈಗಲೂ ನಡುವೆ ನಿಂತಿದೆ. ಆದರೆ ನೀವು ಹಾದುಹೋಗುವ ಕೋಣೆಗಳ ಪೀಠೋಪಕರಣ, ಪರದೆ, ಕನ್ನಡಿ ಕೋಣೆಯ ಪಿಂಗಾಣಿ ಇವೆಲ್ಲ ಬಹುಮಟ್ಟಿಗೆ ನೂರು ವರ್ಷಗಳಿಗೂ ಈಚಿನ ಕೌಂಟ್ ಕಾರ್ಲ್ ಲುಡ್ವಿಗ್ (1674–1756) ಮತ್ತವನ ಹೆಂಡತಿಯ ಕಾಲದವು. ಅವನ ಒಬ್ಬನೇ ಮಗ 1744ರಲ್ಲಿ ಕುದುರೆಯಿಂದ ಬಿದ್ದು ಸತ್ತ. 1756ರಲ್ಲಿ ತಂದೆಯೊಂದಿಗೆ ಆ ಶಾಖೆಯೇ ಮುಗಿಯಿತು. ಬೇರೆ ಶಾಖೆಯವರಿಗೆ ತಮ್ಮ ತಮ್ಮ ಅರಮನೆಗಳಿದ್ದವು, ಇಲ್ಲಿಗೆ ಬಂದು ನೆಲೆಸಿ ಹಳೆಯದನ್ನು ಕಿತ್ತು ಹೊಸದು ಹಾಕುವವರು ಯಾರೂ ಇರಲಿಲ್ಲ. ವಂಶ ನಿಂತುಹೋದದ್ದೇ ಮನೆಯನ್ನು ಉಳಿಸಿತು. 1967ರಲ್ಲಿ ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯ ಅರಮನೆಯನ್ನು ಕೊಂಡಿತು.

ರಸವಿದ್ಯೆಯ ಪ್ರದರ್ಶನವನ್ನು ಬಿಡಬೇಡಿ. ವೋಲ್ಫ್‌ಗಾಂಗ್ ಪ್ರಯೋಗಶಾಲೆ ಇಟ್ಟುಕೊಂಡು ತಾನೇ ಕುಲುಮೆ ಮುಂದೆ ನಿಲ್ಲುತ್ತಿದ್ದ ಮನುಷ್ಯ. ಬಂಗಾರ ಮಾಡಿಕೊಡುತ್ತೇನೆಂದು ಬಂದ ಮಿಖಾಯೆಲ್ ಪೋಲ್‌ಹೈಮರ್ ಅವನಿಗೆ ಮೋಸ ಮಾಡಿ ಸೆರೆಮನೆ ಸೇರಿದ. ಜನ ಈ ಮೋಸದ ಕತೆಯನ್ನೇ ನೆನಪಿಟ್ಟುಕೊಳ್ಳುತ್ತಾರೆ. ಅದಕ್ಕಿಂತ ಮುಖ್ಯವಾದದ್ದು, ಆ ಕಾಲದಲ್ಲಿ ಬಟ್ಟಿ ಇಳಿಸುವುದು, ಲೋಹ ಪರೀಕ್ಷಿಸುವುದು, ಔಷಧ ಮಾಡುವುದು ಎಲ್ಲವೂ ಒಂದೇ ಒಲೆಯ ಮೇಲಿನ ಕೆಲಸ ಆಗಿತ್ತು ಎಂಬುದು.

ಮಕ್ಕಳ ಕಾಲಕ್ಕೆ ಮನೆತನ ಬಹಳ ಪೆಟ್ಟು ತಿಂದಿತು. ಹಿರಿಯ ಮಗ ಗೇಯೋರ್ಗ್ ಫ್ರೀಡ್ರಿಕ್, ಪವಿತ್ರ ರೋಮನ್ ಚಕ್ರವರ್ತಿಯ ವಿರುದ್ಧ ಎದ್ದ ಬೊಹೀಮಿಯಾದ ದಂಗೆಕೋರರ ಸೈನ್ಯದ ಸೇನಾಪತಿಯಾಗಿ 1620ರ ಬಿಳಿಬೆಟ್ಟದ ಕದನದಲ್ಲಿ ಸೋತ. ಚಕ್ರವರ್ತಿಯಿಂದ ಬಹಿಷ್ಕಾರ ಬಿತ್ತು, ಕ್ಷಮೆ ಸಿಕ್ಕಿತು, ಮತ್ತೆ ಸ್ವೀಡನ್ನರ ಪಕ್ಷ ಸೇರಿದ. 1637ರಲ್ಲಿ ಚಕ್ರವರ್ತಿ ವೈಕರ್ಸ್‌ಹೈಮ್ ಕಿತ್ತುಕೊಂಡು ಟ್ಯೂಟಾನಿಕ್ ಆರ್ಡರ್‌ಗೆ ಕೊಟ್ಟ. ಆ ಆರ್ಡರ್‌ನ ಮುಖ್ಯಸ್ಥಾನ ಹತ್ತಿರದ ಮೆರ್ಗೆಂಟ್‌ಹೈಮ್‌ನಲ್ಲೇ ಇತ್ತು; ನೆರೆಯವನೇ ಬಂದು ಮನೆಯಲ್ಲಿ ಕೂತ ಹಾಗೆ. ಮೂವತ್ತು ವರ್ಷಗಳ ಯುದ್ಧ ಮುಗಿಸಿದ 1648ರ ವೆಸ್ಟ್‌ಫಾಲಿಯಾ ಶಾಂತಿಯಲ್ಲಿ ಮನೆತನಕ್ಕೆ ಅದು ಮರಳಿತು, ಆದರೆ ಗೇಯೋರ್ಗ್ ಫ್ರೀಡ್ರಿಕ್ ಅದನ್ನು ಕಾಣಲಿಲ್ಲ, 1645ರಲ್ಲೇ ತೀರಿಹೋಗಿದ್ದ. ತಾಯಿ ಮಾಗ್ಡಲೇನಾ 1633ರವರೆಗೆ ಬದುಕಿದ್ದಳು, ಅಂದರೆ ಸೋಲು, ಬಹಿಷ್ಕಾರ ಎರಡನ್ನೂ ನೋಡಿದಳು. ಬೆಂಕಿಗೂಡಿನ ಬಳಿ ನೆಮ್ಮದಿಯಾಗಿ ಒರಗಿರುವ ಅವಳ ಮುಖವನ್ನು ಇದು ಗೊತ್ತಿದ್ದು ನೋಡಿದರೆ ಬೇರೆಯೇ ಅನ್ನಿಸುತ್ತದೆ.

ತೋಟ ಕಾರ್ಲ್ ಲುಡ್ವಿಗ್‌ನದು. ನಡುವೆ ಹರ್ಕ್ಯುಲಿಸ್ ಕಾರಂಜಿ, ಕೊನೆಯಲ್ಲಿ ಎರಡು ಭಾಗವಾಗಿ ನಿಂತ ಕಿತ್ತಳೆ ಗಿಡಗಳ ಮನೆ, ಕಂದಕದ ಕಟಕಟೆ ಮೇಲೆ ಆಸ್ಥಾನದ ಕೆಲಸಗಾರರನ್ನು ಕುಳ್ಳರಾಗಿ ಕೆತ್ತಿದ ಕಲ್ಲಿನ ಸಾಲು. ಇದಕ್ಕೆ ಗೈಡ್ ಬೇಡ, ನಿಮ್ಮಷ್ಟಕ್ಕೆ ಸುತ್ತಬಹುದು.

ಅರಮನೆಯ ಕೋಣೆಗಳನ್ನು ಮಾತ್ರ ಗೈಡ್ ಜೊತೆಗೇ ನೋಡಬೇಕು. ಜರ್ಮನ್ ಬಾರದವರು ಬೇರೆ ಭಾಷೆಯ ಸುತ್ತು ಯಾವಾಗ ಇದೆ ಎಂದು ಮುಂಚೆಯೇ ಕೇಳಿಕೊಳ್ಳಿ. ಬೆಳಗಿನ ಮೊದಲ ಸುತ್ತು ಹಿಡಿಯಿರಿ, ತೋಟ ಆಮೇಲೆ. ರೈಲಿನಲ್ಲಿ ಬರುವವರಿಗೆ ಬಾಡ್ ಮೆರ್ಗೆಂಟ್‌ಹೈಮ್ ಮತ್ತು ಕ್ರೈಲ್ಸ್‌ಹೈಮ್ ನಡುವಿನ ಮಾರ್ಗದಲ್ಲಿ ಊರಿಗೆ ನಿಲ್ದಾಣವಿದೆ, ಅಲ್ಲಿಂದ ನಡೆದೇ ಹೋಗಬಹುದು.

ಮನೆತನದ ಕಾಗದಪತ್ರ ನೋಡುವ ಉದ್ದೇಶ ಇರುವವರು ಅವು ವೈಕರ್ಸ್‌ಹೈಮ್‌ನಲ್ಲಿ ಸಿಗುತ್ತವೆ ಎಂದುಕೊಳ್ಳಬೇಡಿ. ಅವು ನೋಯೆನ್‌ಷ್ಟೈನ್ ಅರಮನೆಯ ಹೋಹೆನ್‌ಲೋಹೆ ಕೇಂದ್ರ ದಾಖಲಾಗಾರದಲ್ಲಿವೆ, ಪಟ್ಟಿಯನ್ನು ರಾಜ್ಯ ದಾಖಲಾಗಾರದ ಜಾಲತಾಣದಲ್ಲಿ ಹುಡುಕಬಹುದು. ಲೆಕ್ಕಪುಸ್ತಕ ಬಿಡಿಸುವವರು ಆಗಿನ ನಾಣ್ಯಗಳಲ್ಲಿ 1 ಗುಲ್ಡೆನ್‌ಗೆ 15 ಬಾಟ್ಸೆನ್ ಅಥವಾ 60 ಕ್ರೊಯ್ಟ್ಸರ್ ಎಂಬ ಲೆಕ್ಕ ಪಕ್ಕಕ್ಕೆ ಬರೆದಿಟ್ಟುಕೊಳ್ಳಿ. ತಾರೀಖಿನ ವಿಷಯದಲ್ಲಿ ಜೋಪಾನ: ಪ್ರಾಟೆಸ್ಟಂಟ್ ಸಂಸ್ಥಾನಗಳು 1700ರವರೆಗೆ ಹಳೆಯ (ಜೂಲಿಯನ್) ಪಂಚಾಂಗವನ್ನೇ ಬಳಸುತ್ತಿದ್ದವು, ಪಕ್ಕದ ಕ್ಯಾಥಲಿಕ್ ವ್ಯುರ್ಟ್ಸ್‌ಬುರ್ಗ್ ಆಗಲೇ ಹೊಸದಕ್ಕೆ (ಗ್ರೆಗೋರಿಯನ್) ಬಂದಿತ್ತು. ಒಂದೇ ದಿನದ ಘಟನೆ ಎರಡು ಪತ್ರಗಳಲ್ಲಿ 10 ದಿನಗಳ ಅಂತರದಲ್ಲಿ ಕಂಡರೆ ಅವು ಎರಡು ಘಟನೆಗಳಲ್ಲ.