ಅಂಟು, ಜಾರು, ಚುಚ್ಚು: ಸಾಲ್ಸಾ ಸೋಷಿಯಲ್‌ಗೆ ಯಾವ ಅಟ್ಟೆ, ಯಾವ ಹೀಲ್?

ಜೋಡಿ ನೃತ್ಯದಲ್ಲಿ ಏಟು ಎಂದರೆ ಜೊತೆಗಾರರನ್ನು ಬಾಗಿಸುವ ಡಿಪ್, ಮೇಲೆತ್ತುವ ಲಿಫ್ಟ್‌ಗಳೇ ಎಲ್ಲರ ತಲೆಗೆ ಬರುತ್ತವೆ. ಸೋಷಿಯಲ್‌ಗಳಲ್ಲಿ, ಅಂದರೆ ಕ್ಲಾಸಿನ ಹೊರಗೆ ಎಲ್ಲರೂ ಸೇರಿ ಸಾಲ್ಸಾ ಕುಣಿಯುವ ಸಂಜೆಗಳಲ್ಲಿ, ನೋಡುತ್ತ ಬಂದ ಮಟ್ಟಿಗೆ ಕಥೆ ಬೇರೆ. ಬೇಸಿಕ್ ಸ್ಟೆಪ್, ಒಂದು ರೈಟ್ ಟರ್ನ್, ಒಂದು ಹಿಂದಿನ ಹೆಜ್ಜೆ, ಇಷ್ಟರಲ್ಲೇ ಬಹುಪಾಲು ಏಟು ಆಗಿಹೋಗುತ್ತದೆ, ಅದೂ ಕಾಲಿಗೆ. ಅಟ್ಟೆ ನೆಲಕ್ಕೆ ಅಂಟಿದರೆ ಮಂಡಿ ತಿರುಚುತ್ತದೆ. ಜಾರಿದರೆ ಸೊಂಟವೋ ಮಣಿಕಟ್ಟೋ ನೆಲಕ್ಕೆ ಬಡಿಯುತ್ತದೆ. ಹೀಲ್ ಚೂಪಾಗಿದ್ದರೆ ಹಿಂದೆ ಕುಣಿಯುತ್ತಿದ್ದವರ ಪಾದಕ್ಕೆ ಇಳಿಯುತ್ತದೆ. ಹಾಗಾಗಿ ಇಲ್ಲಿನ ಹೋಲಿಕೆ ಶೂಗಳ ಅಂದದ್ದಲ್ಲ, ಯಾವುದು ಯಾವ ಏಟಿಗೆ ದಾರಿ ಮಾಡಿಕೊಡುತ್ತದೆ ಎಂಬುದರದ್ದು.

‘ಯಾವ ಶೂ ಒಳ್ಳೆಯದು?’ ಎಂದು ಕೇಳುವ ಮೊದಲು ‘ಯಾವ ನೆಲ?’ ಎಂದು ಕೇಳಬೇಕು. ಬೆಂಗಳೂರಿನಲ್ಲಿ ಕ್ಲಾಸು ಮರದ ಅಥವಾ ವಿನೈಲ್ ನೆಲದ ಮೇಲೆ ನಡೆಯುತ್ತದೆ, ಸೋಷಿಯಲ್ ಮಾತ್ರ ರೆಸ್ಟೊರೆಂಟಿನ ಗ್ರಾನೈಟ್ ಮೇಲೋ ವಿಟ್ರಿಫೈಡ್ ಟೈಲ್ಸ್ ಮೇಲೋ ಟೆರೇಸಿನ ಸಿಮೆಂಟ್ ಮೇಲೋ ಇರುತ್ತದೆ. ಮರದ ಮೇಲೆ ಸಾಧುವಾಗಿದ್ದ ಶೂ ಗ್ರಾನೈಟ್ ಮೇಲೆ ಸ್ಕೇಟಿಂಗ್ ಶೂ ಆಗಿಬಿಡಬಹುದು. ನೆಲ ಅಳೆಯಲು ಒಂದು ನಿಮಿಷ ಸಾಕು. ಪಕ್ಕಕ್ಕೆ ನಿಂತು, ಒಂದು ಕಾಲಿನ ಮುಂಗಾಲ ಮೇಲೆ ಭಾರ ಹಾಕಿ, ನಿಧಾನವಾಗಿ ಸುತ್ತಿನ ನಾಲ್ಕನೇ ಒಂದು ಭಾಗ ತಿರುಗಿ. ಮೈಯೂ ಪಾದವೂ ಒಟ್ಟಿಗೆ ತಿರುಗಿದರೆ ಸರಿ. ಸೊಂಟ ತಿರುಗಿ ಪಾದ ಹಿಂದೆಯೇ ಉಳಿದರೆ ಆ ಜೋಡಿಯಲ್ಲಿ ಅವತ್ತು ಸ್ಪಿನ್ ಬೇಡ. ಆಮೇಲೆ ಉದ್ದನೆಯ ಒಂದು ಹೆಜ್ಜೆ ಪಕ್ಕಕ್ಕಿಟ್ಟು ತಟ್ಟನೆ ನಿಲ್ಲಿ. ಪಾದ ಇನ್ನೂ ಓಡುತ್ತಿದ್ದರೆ ಬ್ರೇಕ್ ಇಲ್ಲ ಎಂದರ್ಥ.

ಹೆಚ್ಚಿನವರು ಮೊದಲು ಹಾಕಿಕೊಂಡು ಬರುವುದು ರಬ್ಬರ್ ಅಟ್ಟೆಯ ಸ್ನೀಕರ್, ಅದರಲ್ಲೂ ಓಡುವ ಶೂ. ಕುಣಿತಕ್ಕೆ ಎಲ್ಲಕ್ಕಿಂತ ಕೆಟ್ಟ ಆಯ್ಕೆ ಅದೇ. ಓಡುವ ಶೂ ಮಾಡಿರುವುದು ಮುಂದಕ್ಕೆ ಹೋಗಲು. ನೆಲ ಬಿಡಬಾರದು ಎಂದೇ ಅದರ ಅಟ್ಟೆಯಲ್ಲಿ ಗೀರುಗಳಿವೆ. ಸಾಲ್ಸಾ ಹಾಡಿನ ವೇಗ ನಿಮಿಷಕ್ಕೆ 180 ಬೀಟ್ ಎಂದಿಟ್ಟುಕೊಳ್ಳಿ. ಒಂದು ಬೀಟ್ ಎಂದರೆ ಸೆಕೆಂಡಿನ ಮೂರನೇ ಒಂದು ಭಾಗ, ಎರಡು ಬೀಟಿನಲ್ಲಿ ಪೂರ್ತಿ ಸುತ್ತು ತಿರುಗಬೇಕು. ಅಷ್ಟರಲ್ಲಿ ಅಟ್ಟೆ ನೆಲಕ್ಕೆ ಕಚ್ಚಿಕೊಂಡರೆ ತಿರುಗುವ ಬಲವೆಲ್ಲ ಮಂಡಿಗೆ ಬೀಳುತ್ತದೆ. ಮಂಡಿ ಬಾಗಿಲಿನ ತಿರುಗಣೆಯ ಹಾಗೆ, ಹಿಂದೆ ಮುಂದೆ ಮಡಚಲಿಕ್ಕೆ ಇರುವುದು. ಪಾದ ನಿಂತು ತೊಡೆ ತಿರುಗಿದರೆ ಒಳಗಿನ ಮೆನಿಸ್ಕಸ್ ಎಂಬ ಮೆತ್ತೆಯಂಥ ಮೃದ್ವಸ್ಥಿಯೂ ಅಸ್ಥಿರಜ್ಜುಗಳೂ ಆ ತಿರುಚನ್ನು ತಿನ್ನಬೇಕಾಗುತ್ತದೆ. ಓಡುವ ಶೂಗೆ ಇನ್ನೊಂದು ದೋಷವೂ ಇದೆ. ಹಿಮ್ಮಡಿಯ ಹತ್ತಿರ ಅಟ್ಟೆ ದಪ್ಪವಾಗಿ ಹೊರಕ್ಕೆ ಚಾಚಿಕೊಂಡಿರುತ್ತದೆ. ಪಕ್ಕಕ್ಕೆ ಹೆಜ್ಜೆ ಇಡುವ ಸೈಡ್ ಬೇಸಿಕ್ ಮಾಡುವಾಗ ಆ ಅಂಚು ನೆಲಕ್ಕೆ ತಗುಲಿ ಪಾದ ಒಳಮುಖವಾಗಿ ಮಗುಚುತ್ತದೆ, ಉಳುಕು ಕಾಲಿನ ಹೊರಗಿನ ಗಂಟಿನ ಕೆಳಗೆ ಕಾಣಿಸಿಕೊಳ್ಳುತ್ತದೆ. ತೆಳು, ಸಪಾಟು ಅಟ್ಟೆಯ ಕ್ಯಾನ್ವಾಸ್ ಶೂ ಇದಕ್ಕಿಂತ ಎಷ್ಟೋ ವಾಸಿ. ಹೊಸದಕ್ಕಿಂತ ಸವೆದದ್ದು ಇನ್ನೂ ವಾಸಿ.

ಹಾಗೆಂದು ರಬ್ಬರನ್ನು ಪೂರಾ ತಳ್ಳಿಹಾಕುವ ಹಾಗಿಲ್ಲ. ಬಿಯರ್ ಚೆಲ್ಲಿದ ಪಬ್ ನೆಲದ ಮೇಲೆ, ಮಳೆಹನಿ ಬಿದ್ದ ಟೆರೇಸ್ ಮೇಲೆ ನಿಮ್ಮನ್ನು ಎದ್ದು ನಿಲ್ಲಿಸುವುದು ಅದೊಂದೇ. ಅಂಥ ಕಡೆ ಸುತ್ತನ್ನು ಒಂದೇ ಕಾಲ ಮೇಲೆ ತಿರುಗದೆ ಎರಡು ಮೂರು ಹೆಜ್ಜೆಗಳಾಗಿ ಒಡೆದು, ಪ್ರತಿ ಹೆಜ್ಜೆಯಲ್ಲೂ ಪಾದವನ್ನು ಎತ್ತಿಟ್ಟು ತಿರುಗಬೇಕು. ಇದನ್ನು ಲೀಡ್ ಮಾಡುವವರೂ, ಅಂದರೆ ಜೋಡಿಯಲ್ಲಿ ಹೆಜ್ಜೆ ಸೂಚಿಸಿ ನಡೆಸುವವರೂ, ತಿಳಿದಿರಬೇಕು. ಎದುರಿನವರ ಕಾಲಲ್ಲಿ ರಬ್ಬರ್ ಇದೆ ಎಂದು ಗೊತ್ತಿದ್ದೂ ಡಬಲ್ ಸ್ಪಿನ್‌ಗೆ ಕೈ ಎತ್ತುವುದು ಒರಟುತನ.

ಸ್ನೀಕರನ್ನೇ ಪಳಗಿಸುವ ಉಪಾಯಗಳು ಮೂರಿವೆ. ಮುಂಗಾಲ ಕೆಳಗೆ ಬಟ್ಟೆಯ ಡಕ್ಟ್ ಟೇಪ್ ಅಂಟಿಸುವುದು ಎಲ್ಲಕ್ಕಿಂತ ಅಗ್ಗ. ಹೆಬ್ಬೆರಳಿನ ಬುಡದ ಉಬ್ಬು ನೆಲಕ್ಕೆ ಊರುವ ಜಾಗದಲ್ಲಿ ನಾಲ್ಕೈದು ಸೆಂಟಿಮೀಟರಿನ ಒಂದು ತುಂಡು ಸಾಕು, ಮೂಲೆಗಳನ್ನು ದುಂಡಗೆ ಕತ್ತರಿಸಬೇಕು. ಅಟ್ಟೆ ತುಂಬ ಅಂಟಿಸಿದರೆ ನಿಲ್ಲುವುದಕ್ಕೆ ಏನೂ ಉಳಿಯುವುದಿಲ್ಲ. ಟೇಪಿನ ಆಯಸ್ಸು ಒಂದು ಸಂಜೆ. ಅಂಚು ಎದ್ದು ಸುರುಳಿಯಾದ ಮೇಲೆ ಅದೇ ಶತ್ರು, ಒಂದು ಸುತ್ತಿಗೆ ಜಾರಿ ಮುಂದಿನ ಸುತ್ತಿಗೆ ಅಂಟುತ್ತದೆ. ಸದಾ ಅಂಟುವ ಅಟ್ಟೆಗಾದರೂ ಮೈ ಒಗ್ಗಿಕೊಳ್ಳುತ್ತದೆ, ಒಮ್ಮೆ ಹೀಗೆ ಒಮ್ಮೆ ಹಾಗೆ ಎನ್ನುವುದಕ್ಕೆ ಒಗ್ಗುವುದಿಲ್ಲ. ಶೂ ಮೇಲೆ ಕಾಲುಚೀಲ ಎಳೆದುಕೊಳ್ಳುವುದು ಎರಡನೆಯದು. ಹಿಮ್ಮಡಿ ಭಾಗ ಕತ್ತರಿಸಿ ತೆಗೆದು ಮುಂಗಾಲಿಗೆ ಮಾತ್ರ ಹಾಕಿದರೆ ವಿನೈಲ್ ಮೇಲೆ ಚೆನ್ನಾಗಿ ನಡೆಯುತ್ತದೆ, ಟೈಲ್ಸ್ ಮೇಲೆ ಬೇಡವೇ ಬೇಡ.

ಮೂರನೆಯದು ನವಿರು ರೋಮವಿರುವ ಸ್ವೇಡ್ ಚರ್ಮದ ತುಂಡು ಅಂಟಿಸುವುದು, ಶ್ರಮಕ್ಕೆ ತಕ್ಕ ಫಲ ಇರುವುದು ಇದರಲ್ಲೇ. ಸಪಾಟು ಅಟ್ಟೆಯ ಶೂ ಬೇಕು, ಆಳವಾದ ಗೀರುಗಳಿದ್ದರೆ ಹಿಡಿಯುವುದಿಲ್ಲ. ರಬ್ಬರನ್ನು ಸ್ಯಾಂಡ್ ಪೇಪರಿನಲ್ಲಿ ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಿ, ಚಪ್ಪಲಿ ರಿಪೇರಿಯವರು ಬಳಸುವ ಸಲ್ಯೂಷನನ್ನು ಎರಡೂ ಕಡೆ ತೆಳುವಾಗಿ ಹಚ್ಚಬೇಕು. ಬೆರಳಿಗೆ ಅಂಟದಷ್ಟು ಒಣಗುವವರೆಗೆ, ಅಂದರೆ ಹತ್ತು ಹದಿನೈದು ನಿಮಿಷ, ಬಿಡಬೇಕು. ಜನ ತಪ್ಪುವುದು ಇಲ್ಲೇ. ಹಸಿಯಲ್ಲಿ ಒತ್ತಿದರೆ ಎರಡನೇ ವಾರಕ್ಕೆ ಬೆರಳಿನ ಕಡೆಯಿಂದ ಬಿಚ್ಚಿಕೊಳ್ಳುತ್ತದೆ, ಬಿಚ್ಚಿಕೊಂಡ ತುದಿ ನೆಲಕ್ಕೆ ಸಿಕ್ಕಿ ಎಡವಿಸುತ್ತದೆ. ಒತ್ತಿದ ಮೇಲೆ ಒಂದು ದಿನ ಭಾರದ ಕೆಳಗಿಡಿ. ಹಿಮ್ಮಡಿಯ ರಬ್ಬರ್ ಹಾಗೇ ಇರಲಿ, ಬ್ರೇಕ್ ಅದೇ.

ಗಟ್ಟಿ ಚರ್ಮದ ಅಟ್ಟೆಯ ಫಾರ್ಮಲ್ ಶೂ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಮರದ ನೆಲದ ಮೇಲೆ ಬೆಣ್ಣೆಯಂತೆ ತಿರುಗುತ್ತದೆ. ಪಾಲಿಶ್ ಮಾಡಿದ ಗ್ರಾನೈಟ್ ಮೇಲೆ, ಅದರಲ್ಲೂ ಧೂಳು ಕೂತಿದ್ದರೆ, ಹಿಂದಿನ ಹೆಜ್ಜೆ ಇಟ್ಟ ಕಾಲು ಇಟ್ಟಲ್ಲಿ ನಿಲ್ಲುವುದಿಲ್ಲ. ಲೀಡ್ ಜಾರಿದರೆ ಒಬ್ಬರೇ ಬೀಳುವುದಿಲ್ಲ, ಕೈ ಹಿಡಿದವರನ್ನೂ ಎಳೆದುಕೊಂಡೇ ಬೀಳುತ್ತಾರೆ.

ಸ್ವೇಡ್ ಅಟ್ಟೆಯ ಡಾನ್ಸ್ ಶೂ ಎಲ್ಲದಕ್ಕೂ ಪರಿಹಾರ ಎಂದು ಅಂಗಡಿಯವರು ಹೇಳುತ್ತಾರೆ. ಮುಕ್ಕಾಲು ನಿಜ. ಸ್ವೇಡಿನ ಗುಟ್ಟು ಅದರ ನವಿರಾದ ರೋಮದಲ್ಲಿದೆ. ಭಾರ ಹಾಕಿ ನಿಂತರೆ ಹಿಡಿಯುತ್ತದೆ, ತಿರುಗಿದರೆ ಬಿಡುತ್ತದೆ. ಆ ರೋಮ ನಾಲ್ಕೈದು ಸಂಜೆಯಲ್ಲಿ ಧೂಳು, ನೆಲದ ಮೇಣ, ಬೆವರು ಹಿಡಿದು ಒತ್ತಿಕೊಂಡು ಕಪ್ಪಾಗಿ ಹೊಳೆಯತೊಡಗುತ್ತದೆ. ಹೊಳೆಯುವ ಸ್ವೇಡ್ ಎಂದರೆ ಗಟ್ಟಿ ಚರ್ಮವೇ, ಅದರ ಅಪಾಯವೂ ಅದೇ. ತಂತಿ ಬ್ರಷ್‌ನಲ್ಲಿ ಒಂದೇ ದಿಕ್ಕಿಗೆ, ಹಿಮ್ಮಡಿಯಿಂದ ಬೆರಳಿನ ಕಡೆಗೆ, ಹತ್ತು ಹದಿನೈದು ಸಲ ಎಳೆದರೆ ರೋಮ ಮತ್ತೆ ಏಳುತ್ತದೆ. ಹಿಂದೆ ಮುಂದೆ ಉಜ್ಜಿದರೆ ಅಟ್ಟೆ ಬೇಗ ಸವೆಯುತ್ತದೆ ಅಷ್ಟೇ. ಒದ್ದೆಯಿದ್ದಾಗ ಬ್ರಷ್ ಮಾಡಬಾರದು. ಒದ್ದೆ ಸ್ವೇಡಿನಲ್ಲಿ ಕುಣಿಯಲೂಬಾರದು, ಟೈಲ್ಸ್ ಮೇಲೆ ಅದು ಪಾಚಿಯ ಹಾಗೆ ವರ್ತಿಸುತ್ತದೆ. ಆದ್ದರಿಂದ ಟಾಯ್ಲೆಟ್ಟಿಗೆ ಹೋಗುವಾಗ ಚಪ್ಪಲಿ ಬದಲಿಸುವುದು ಬಿಂಕವಲ್ಲ. ವಿಟ್ರಿಫೈಡ್ ಟೈಲ್ಸ್ ಮೇಲೆ ಚೆನ್ನಾಗಿ ಬ್ರಷ್ ಮಾಡಿದ ಸ್ವೇಡ್ ಕೂಡ ಕೊಂಚ ಜಾರುತ್ತದೆ, ಅಲ್ಲಿ ಹೆಜ್ಜೆ ಗಿಡ್ಡ ಮಾಡಬೇಕು. ಅಂಟುತ್ತದೆ ಎಂದು ನೆಲಕ್ಕೆ ಟಾಲ್ಕಂ ಪೌಡರ್ ಉದುರಿಸುವವರಿಗೆ ಒಂದು ಮಾತು: ನಿಮ್ಮ ಮಂಡಿ ಉಳಿಯಬಹುದು, ಪಕ್ಕದ ಜೋಡಿಯ ಸೊಂಟ ಮುರಿಯಬಹುದು.

ಇತ್ತೀಚೆಗೆ ಕಾಣುವ ಡಾನ್ಸ್ ಸ್ನೀಕರ್‌ಗಳಲ್ಲಿ ಅಟ್ಟೆ ನಡುವೆ ಒಡೆದು ಎರಡು ಭಾಗವಾಗಿರುತ್ತದೆ, ಮುಂಗಾಲ ಕೆಳಗೆ ತಿರುಗಲು ಒಂದು ನುಣುಪಾದ ದುಂಡು ಜಾಗ ಇರುತ್ತದೆ. ಮಂಡಿಗೆ ಇದು ನಿಜವಾಗಿಯೂ ಹಿತ. ಆದರೆ ಅಟ್ಟೆ ಎತ್ತರ, ಕಾಲಿಗೆ ನೆಲ ತಿಳಿಯುವುದಿಲ್ಲ, ಅಂಚಿನ ಮೇಲೆ ಪಾದ ಮಗುಚುವ ಭಯ ಓಡುವ ಶೂನಷ್ಟೇ ಇದೆ. ಒಮ್ಮೆ ಕಾಲು ಉಳುಕಿಸಿಕೊಂಡವರಿಗೆ ಹೇಳಿದ್ದಲ್ಲ.

ಇನ್ನು ಹೀಲ್. ಇಲ್ಲಿ ಏಟು ಹಾಕಿಕೊಂಡವರಿಗಿಂತ ಹೆಚ್ಚಾಗಿ ಬೇರೆಯವರಿಗೆ. ಲೆಕ್ಕ ಸುಲಭ. 55 ಕಿಲೋ ತೂಕದವರು ಹಿಂದಕ್ಕೆ ಹೆಜ್ಜೆ ಇಡುವಾಗ ಅರ್ಧ ಭಾರ ಹೀಲ್ ಮೇಲೆ ಇಳಿಯಿತು ಎಂದುಕೊಂಡರೂ, ಕಡ್ಡಿಯಂಥ ಚೂಪು ಹೀಲ್ ಆದ ಸ್ಟಿಲೆಟೊದ ಒಂದು ಚದರ ಸೆಂಟಿಮೀಟರಿನ ತುದಿಯಲ್ಲಿ ಆ 27 ಕಿಲೋ ಪೂರ್ತಿ ಒಂದೇ ಚುಕ್ಕೆಗೆ ಬೀಳುತ್ತದೆ. ಬುಡ ಅಗಲವಾದ ಫ್ಲೇರ್ ಹೀಲಿನ ತುದಿ ನಾಲ್ಕು ಚದರ ಸೆಂಟಿಮೀಟರ್ ಇದ್ದರೆ ಚದರ ಸೆಂಟಿಮೀಟರಿಗೆ ಏಳು ಕಿಲೋ. ಎರಡೂವರೆ ಸೆಂಟಿಮೀಟರ್ ಚೌಕದ ಬ್ಲಾಕ್ ಹೀಲ್ ಆದರೆ ನಾಲ್ಕೂವರೆಗೂ ಕಡಿಮೆ. ಮೊದಲನೆಯದು ಪಾದದ ಮೇಲ್ಭಾಗದ ತೆಳು ಚರ್ಮವನ್ನು ತೂರುತ್ತದೆ, ಕೊನೆಯದು ನೋಯಿಸಿ ಬಿಡುತ್ತದೆ. ಕಿಕ್ಕಿರಿದ ಸೋಷಿಯಲ್‌ಗೆ ಸ್ಟಿಲೆಟೊ ಹಾಕಿಕೊಂಡು ಬರುವುದಕ್ಕೆ ಒಳ್ಳೆಯ ಕಾರಣ ಇಲ್ಲ. ಸ್ಟೇಜಿಗಾದರೆ ಸರಿ.

ತುದಿಯ ರಬ್ಬರ್ ಟೋಪಿ ಸವೆದರೆ ಒಳಗಿನ ಲೋಹದ ಮೊಳೆ ಹೊರಗೆ ಇಣುಕುತ್ತದೆ. ಆ ಮೊಳೆ ನೆಲವನ್ನೂ ಗೀರುತ್ತದೆ, ಚರ್ಮವನ್ನೂ ಸೀಳುತ್ತದೆ. ಮೆಟ್ಟುವ ಮುಂಚೆ ಒಂದು ಸಲ ತಿರುಗಿಸಿ ನೋಡಿ. ಪಾರದರ್ಶಕ ಪ್ಲಾಸ್ಟಿಕ್ಕಿನ ಹೀಲ್ ಕ್ಯಾಪ್ ಹಾಕಿದರೆ ತುದಿ ಅಗಲವಾಗುತ್ತದೆ, ಆದರೆ ಅಳತೆ ಕೊಂಚ ಸಡಿಲವಿದ್ದರೂ ಸ್ಪಿನ್‌ನಲ್ಲಿ ಕಳಚಿ ನೆಲದ ಮೇಲೆ ಗೋಲಿಯ ಹಾಗೆ ಉರುಳಾಡುತ್ತದೆ. ಕೈಯಲ್ಲಿ ಎಳೆದರೆ ಬರುವಂತಿದ್ದರೆ ಒಂದು ಅಳತೆ ಚಿಕ್ಕದು ಕೊಳ್ಳಬೇಕು.

ಎತ್ತರದ ವಿಷಯ. ಮೂರೂವರೆ ಇಂಚಿಗೂ ಎರಡು ಇಂಚಿಗೂ ಬರೀ ನೋಟದ ವ್ಯತ್ಯಾಸವಲ್ಲ. ಹಿಮ್ಮಡಿ ಮೇಲೇರಿದಷ್ಟೂ ಪಾದದ ಕೀಲಿನ ಮೂಳೆಯ ಕಿರಿದಾದ ಹಿಂಭಾಗ ಗೂಡಿನೊಳಕ್ಕೆ ಬರುತ್ತದೆ, ಕೀಲು ಸಡಿಲವಾಗುತ್ತದೆ. ಉಳುಕುವುದಕ್ಕೆ ಹೇಳಿ ಮಾಡಿಸಿದ ಭಂಗಿ ಅದು. ಮೊದಲ ವರ್ಷ ಎರಡು ಇಂಚು ದಾಟದಿರುವುದು ಲೇಸು. ಪಟ್ಟಿಯಲ್ಲೂ ವ್ಯತ್ಯಾಸ ಇದೆ. ಬರೀ ಗಂಟಿನ ಸುತ್ತ ಇರುವ ಪಟ್ಟಿಗಿಂತ ಪಾದದ ಕಮಾನಿನ ಅಡಿಯಿಂದ ಅಡ್ಡ ಬರುವ ಪಟ್ಟಿ ಹಿಮ್ಮಡಿಯನ್ನು ಹೆಚ್ಚು ಅಲುಗದಂತೆ ಹಿಡಿಯುತ್ತದೆ.

ಎಷ್ಟೇ ಒಳ್ಳೆಯ ಹೀಲ್ ಇರಲಿ, ಹಿಂದಿನ ಹೆಜ್ಜೆ ತಪ್ಪಿದರೆ ಚುಚ್ಚುವುದು ಚುಚ್ಚುತ್ತದೆ. ಹೆಜ್ಜೆ ನಿಮ್ಮ ಪಾದದ ಉದ್ದಕ್ಕಿಂತ ದೊಡ್ಡದಿರಬಾರದು, ಭಾರ ಮುಂಗಾಲಿನಲ್ಲೇ ಇರಬೇಕು, ಹಿಮ್ಮಡಿ ನೆಲ ಮುಟ್ಟಬಾರದು. ಇದು ಲೀಡ್‌ಗೂ ಅಷ್ಟೇ ಅನ್ವಯ. ಶೈಲಿಯಿಂದಲೂ ಅಪಾಯದ ಜಾಗ ಬದಲಾಗುತ್ತದೆ. ಗೆರೆಯ ಮೇಲೆ ಕುಣಿಯುವ ಲಾಸ್ ಏಂಜಲೀಸ್, ನ್ಯೂಯಾರ್ಕ್ ಶೈಲಿಗಳಲ್ಲಿ ಡಿಕ್ಕಿ ಆಗುವುದು ಆ ಗೆರೆಯ ಎರಡು ತುದಿಗಳಲ್ಲಿ. ಲೀಡ್ ಕ್ರಾಸ್ ಬಾಡಿಗೆ, ಅಂದರೆ ಎದುರಿನವರನ್ನು ತನ್ನ ಮುಂದಿನಿಂದ ಗೆರೆಯ ಇನ್ನೊಂದು ತುದಿಗೆ ದಾಟಿಸಲು, ಬಿಡುವ ಮುಂಚೆ ಆ ಕಡೆ ಒಮ್ಮೆ ನೋಡಿದರೆ ಸಾಕು. ಸುತ್ತುತ್ತ ಸಾಗುವ ಕ್ಯೂಬಾದ ಕಸೀನೊದಲ್ಲಿ ಎಲ್ಲ ಕಡೆಯಿಂದಲೂ ತಾಗಬಹುದು. ಅರ್ಜೆಂಟೀನಾದ ಟ್ಯಾಂಗೊದವರು ಇದನ್ನು ಜಾಣತನದಿಂದ ಬಗೆಹರಿಸಿಕೊಂಡಿದ್ದಾರೆ. ಎಲ್ಲ ಜೋಡಿಗಳೂ ಗಡಿಯಾರದ ವಿರುದ್ಧ ದಿಕ್ಕಿಗೆ ಒಂದೇ ಸಾಲಿನಲ್ಲಿ ಸಾಗುತ್ತವೆ, ಜನ ಹೆಚ್ಚಿದ್ದರೆ ಕಾಲನ್ನು ಹಿಂದಕ್ಕೆ ಬೀಸುವ ಬೊಲಿಯೊವನ್ನು ನೆಲ ಬಿಡದೆ ಮಾಡುತ್ತಾರೆ. ನಮ್ಮ ಸೋಷಿಯಲ್‌ಗಳಿಗೂ ಆ ಶಿಸ್ತು ಬರಬೇಕಿತ್ತು.

ಕೈಯ ಏಟುಗಳಿಗೆ ಶೂ ಏನೂ ಮಾಡಲಾರದು. ಉಂಗುರ, ವಾಚು, ಗಾಜಿನ ಬಳೆ, ದೊಡ್ಡ ರಿಂಗ್ ಓಲೆ ಬ್ಯಾಗಿನಲ್ಲಿರಲಿ. ಬೆರಳುಗಳನ್ನು ಕೊಕ್ಕೆಯ ಹಾಗೆ ಸಡಿಲವಾಗಿ ಸೇರಿಸಿ, ಹೆಬ್ಬೆರಳಿನಿಂದ ಅದುಮಬೇಡಿ. ಅದುಮಿದ ಕೈ ಸುತ್ತಿನ ನಡುವೆ ಬಿಡಿಸಿಕೊಳ್ಳದಿದ್ದರೆ ಮಣಿಕಟ್ಟು ತಿರುಚುತ್ತದೆ.

ಉಳುಕಿದ ಮೇಲೆ ಏನು ಎಂಬುದರಲ್ಲೂ ಆಯ್ಕೆಗಳಿವೆ: ಐಸು, ಸ್ಪ್ರೇ, ಎಣ್ಣೆ ತೀಡುವುದು. ತೆಳು ಬಟ್ಟೆಯಲ್ಲಿ ಸುತ್ತಿದ ಐಸನ್ನು 15ರಿಂದ 20 ನಿಮಿಷ ಇಟ್ಟು, ಕಾಲನ್ನು ಎತ್ತರಕ್ಕಿಡುವುದು ಒಳ್ಳೆಯದು. ಬಾರ್ ಇರುವ ಕಡೆ ಐಸಿಗೆ ಬರವಿಲ್ಲ. ಸ್ಪ್ರೇ ಚರ್ಮವನ್ನು ಮರಗಟ್ಟಿಸುತ್ತದೆ, ಒಳಗಿನ ಏಟು ಹಾಗೇ ಇರುತ್ತದೆ. ನೋವು ಹೋಯಿತೆಂದು ಮುಂದಿನ ಹಾಡಿಗೆ ಎದ್ದವರು ಎರಡನೇ ಸಲ ಉಳುಕಿಸಿಕೊಳ್ಳುತ್ತಾರೆ. ಊರ ಕಡೆಯ ಹಾಗೆ ಉಳುಕು ತೆಗೆಸುತ್ತೇವೆಂದು ಆ ರಾತ್ರಿಯೇ ಎಣ್ಣೆ ಹಚ್ಚಿ ತೀಡಿಸಿದರೆ ಊತ ಏರುತ್ತದೆ, ಮೂಳೆ ಬಿರುಕು ಬಿಟ್ಟಿದ್ದರೆ ಇನ್ನೂ ಕೆಡುತ್ತದೆ. ಆಟವಾ ನಿಯಮ ಎಂದು ವೈದ್ಯರು ಬಳಸುವ ಪರೀಕ್ಷೆಯ ಸಾರ ನೆನಪಿಡಲು ಸುಲಭ. ಏಟಾದ ಕೂಡಲೇ, ಆಮೇಲೆ ವೈದ್ಯರ ಎದುರಿಗೂ, ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಎಕ್ಸ್‌ರೇ ಬೇಕು. ಗಂಟಿನ ಮೂಳೆಯ ಹಿಂದಿನ ಅಂಚನ್ನೋ ತುದಿಯನ್ನೋ ಒತ್ತಿದಾಗ ನೋವು ಚುಚ್ಚಿದರೂ ಅಷ್ಟೇ. ಹೀಲ್ ತೂರಿದ ಗಾಯ ಮೇಲೆ ಚಿಕ್ಕದು, ಒಳಗೆ ಆಳ. ಸೋಪು ನೀರಿನಲ್ಲಿ ಹರಿಯುವ ನಲ್ಲಿಯ ಕೆಳಗೆ ತೊಳೆದು, ಟಿಟಿ ಇಂಜೆಕ್ಷನ್ ಕೊನೆಯ ಸಲ ಯಾವಾಗ ಹಾಕಿಸಿಕೊಂಡದ್ದು ಎಂದು ಲೆಕ್ಕ ಹಾಕಿ. ಐದು ವರ್ಷ ಮೀರಿದ್ದರೆ ಮರುದಿನವೇ ವೈದ್ಯರನ್ನು ಕೇಳಿ.