ಹಳೇ ಆಟಿಕೆಗೆ ಗುಜರಿಯೇ ವಾಸಿ

ಆರಡಿ ಪ್ಲೈವುಡ್ಡನ್ನು ಮಂಗಳೂರು ಹಳೇ ಬಂದರಿನ ಮಂಜಿಯ, ಅಂದರೆ ಸರಕು ಸಾಗಿಸುವ ಮರದ ಹಡಗಿನ, ಆಕಾರಕ್ಕೆ ಕತ್ತರಿಸಿ, ಮೈತುಂಬ ಹಳೇ ಆಟಿಕೆ ಜೋಡಿಸುವ ಕೆಲಸ ಹಿಡಿದಿದ್ದೇನೆ. ಆಟಿಕೆಗಾಗಿ ಮೂರು ಕಡೆ ಕೈ ಹಾಕಿದೆ: ಬಂದರಿನ ಗುಜರಿ ಅಂಗಡಿ, ಮೊಬೈಲಿನ ಸೆಕೆಂಡ್ ಹ್ಯಾಂಡ್ ಆ್ಯಪ್, ನೆಂಟರ ಮನೆಯ ಅಟ್ಟ. ಈಗಲೇ ಹೇಳಿಬಿಡುತ್ತೇನೆ, ನನ್ನ ಓಟು ಗುಜರಿಗೆ.

ಆ್ಯಪ್‌ನಲ್ಲಿ ಬೆಂಗಳೂರಿನವರೊಬ್ಬರಿಂದ ಹನ್ನೊಂದು ಗೊಂಬೆ ತರಿಸಿದೆ. ಕೊರಿಯರ್ ಸೇರಿ 1,400 ರೂಪಾಯಿ. ಫೋಟೋದಲ್ಲಿ ಕೆನ್ನೆ ಫಳಫಳ ಅನ್ನುತ್ತಿತ್ತು, ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದಾರಪ್ಪ ಅಂದುಕೊಂಡೆ. ಡಬ್ಬ ಬಿಚ್ಚಿ ಒಂದನ್ನು ಎತ್ತಿದರೆ ಇನ್ನೊಂದೂ ಅಂಟಿಕೊಂಡು ಮೇಲೆ ಬಂತು. ಆ ಹೊಳಪೇ ಜಿಡ್ಡು! ಹಲಸಿನ ಹಣ್ಣು ಬಿಡಿಸಿದ ಕೈ ಹೇಗಿರುತ್ತದೆ, ಹಾಗೆ.

ಮೆತ್ತನೆಯ ಗೊಂಬೆಗಳು ಹೆಚ್ಚಾಗಿ ಪಿವಿಸಿಯವು. ಪಿವಿಸಿ ಮೊದಲಿಗೆ ಗಟ್ಟಿ, ಮೆತ್ತಗಾಗಲಿ ಅಂತ ಎಣ್ಣೆಯಂಥ ಪ್ಲಾಸ್ಟಿಸೈಸರ್ ಸೇರಿಸಿರುತ್ತಾರೆ. ವರ್ಷ ಕಳೆದಂತೆ ಅದು ಒಳಗಿಂದ ಜಿನುಗುತ್ತದೆ, ಸೆಕೆಗೆ ಇನ್ನೂ ಜಾಸ್ತಿ. ಸೋಪು ಹಾಕಿ ತೊಳೆದೆ, ಒರೆಸಿ ಪೌಡರ್ ಹಚ್ಚಿದೆ. ಎರಡು ದಿನ ಚೆಂದ ಇತ್ತು. ಎಂಟನೇ ದಿನ ಮತ್ತೆ ಅಂಟು, ಈ ಸಲ ಪೌಡರ್ ಸಮೇತ. ತಮಾಷೆ ಅಂದರೆ ಎಲ್ಲದಕ್ಕೂ ಅಂಟುವ ಗೊಂಬೆ ಪ್ಲೈವುಡ್ಡಿಗೆ ಮಾತ್ರ ಅಂಟಲಿಲ್ಲ, ಆ ಜಿಡ್ಡಿನ ಮೇಲೆ ಗಮ್ಮು ನಿಲ್ಲುವುದೇ ಇಲ್ಲ. ರಾತ್ರಿ ಒಂದೊಂದೇ ಧಡ್ ಅಂತ ಬೀಳುತ್ತಿದ್ದವು. ಕೊನೆಗೆ ಸೊಂಟಕ್ಕೆ ತಂತಿ ಬಿಗಿದು ಕಟ್ಟಿದೆ. ಮಾರಿದವರಿಗೆ ಮೆಸೇಜ್ ಹಾಕಿದರೆ, "ನಿಮ್ಮ ಮಂಗಳೂರಿನ ಸೆಕೆಗೆ ಹಾಗಾಗಿರಬಹುದು" ಅಂದರು. ಡಬ್ಬ ಬಿಚ್ಚುವ ಮೊದಲೇ?

ಗುಜರಿಯಲ್ಲಿ ಮುಟ್ಟಿ ನೋಡಬಹುದು, ಅಷ್ಟು ಸಾಕಲ್ವಾ? ಅಂಗಡಿಯವರು "ಮಕ್ಕಳಿಗಾ?" ಅಂತ ಕೇಳಿದರು. "ಅಲ್ಲ, ಹಲಗೆಗೆ ಹೊಡೆಯಲಿಕ್ಕೆ" ಅಂದೆ. "ಎಂತ ಮಾರಾಯ್ರೆ! ಆಚೆ ಚೀಲದಲ್ಲಿ ಉಂಟು, ಬೇಕಾದ್ದು ಹೆಕ್ಕಿ." ಕಿಲೋಗೆ 60 ರೂಪಾಯಿಯಂತೆ ನಾಲ್ಕು ಕಿಲೋ ತಂದೆ. ಚಕ್ರ ಇಲ್ಲದ ಜೀಪು, ಅಡುಗೆ ಸೆಟ್ಟಿನ ಪುಟಾಣಿ ಕುಕ್ಕರ್, ಅರಗಿನ ಬಣ್ಣ ಮಾಸಿದ ಚನ್ನಪಟ್ಟಣದ ಬುಗುರಿ. ಪ್ಲಾಸ್ಟಿಕ್ ಆಟಿಕೆಯ ಬುಡದಲ್ಲಿ ಪ್ಲಾಸ್ಟಿಕ್ಕಿನ ಬಗೆ ಹೇಳುವ ತ್ರಿಕೋನದ ಗುರುತಿನೊಳಗೆ 2 ಅಥವಾ 5 ಇದ್ದರೆ ಅದಕ್ಕೂ ಗಮ್ಮು ಹಿಡಿಯುವುದಿಲ್ಲ, ತೂತು ಕೊರೆದು ಸ್ಕ್ರೂ ಹಾಕಿ. ಬಣ್ಣ ಬಳಿದದ್ದನ್ನು ಮರಳು ಕಾಗದದಲ್ಲಿ ಉಜ್ಜಬೇಡಿ. ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ ಆದದ್ದೇ 2021ರ ಜನವರಿ 1ರಿಂದ, ಹಳೇ ಬಣ್ಣದಲ್ಲಿ ಸೀಸ ಇರಬಹುದು.

ಅಟ್ಟದ್ದು ಪುಕ್ಕಟೆ. ಆದರೆ ಉಡುಪಿಯ ದೊಡ್ಡಮ್ಮ ಪರ್ಯಾಯದ ಸಂತೆಯಲ್ಲಿ ತೆಗೆದುಕೊಂಡಿದ್ದ ತಗಡಿನ ದೋಣಿ ಕೊಡುವಾಗ "ಹಾಳು ಮಾಡ್ಬೇಡ ಆಯ್ತಾ" ಅಂದರು. ದೀಪ ಹಚ್ಚಿದರೆ ಈಗಲೂ ಟಪಟಪ ಅಂತ ಓಡುತ್ತದೆ, ಅದಕ್ಕೆ ಮೊಳೆ ಹೊಡೆಯುವುದು ಹೇಗೆ? ಸುಮ್ನೆ ಕಪಾಟಿನಲ್ಲಿ ಕೂತಿದೆ.

ನೀವು ಆಡಿದ್ದೇ ಗೊಂಬೆ ಬೇಕು ಅಂತಿದ್ದರೆ ಆ್ಯಪ್ ಬಿಟ್ಟು ಗತಿ ಇಲ್ಲ. ಆಗ ಗೊಂಬೆಯ ಕೆನ್ನೆಗೆ ಪೇಪರ್ ಚೂರು ಒತ್ತಿ ವಿಡಿಯೋ ಕಳಿಸಿ ಅನ್ನಿ. ಪೇಪರ್ ಉದುರದಿದ್ದರೆ ದುಡ್ಡು ಹಾಕಬೇಡಿ. ನನಗೆ ಮಂಜಿಯ ಬುಡಕ್ಕೆ ಇನ್ನೊಂದು ಕಿಲೋ ಕಪ್ಪು ಆಟಿಕೆ ಬೇಕು, ಶನಿವಾರ ಮತ್ತೆ ಬಂದರಿಗೆ.